ಗ್ರೇಟರ್ ನೊಯ್ಡಾದಿಂದ ತಮ್ಮನಿಗೆ

ಗ್ರೇಟರ್ ನೊಯ್ಡಾ
ನವೆಂಬರ್, ರಾತ್ರಿ 1.20

ಪ್ರೀತಿಯ ರಘು,

ಆರಾಮಾಗಿದ್ದೇನೆ. ಮೊದಲು ಇಷ್ಟನ್ನು ಅಮ್ಮನಿಗೆ ಹೇಳಿಬಿಡು, ಉಳಿದದ್ದನ್ನು ಆಮೇಲೆ ಓದು. ಇಲ್ಲಿ ಹೊಗೆ ಟಿವಿಯಲ್ಲಿ ತೋರಿಸುವಷ್ಟೇ ಇದೆ, ಆದರೆ ಅವಳ ಹತ್ತಿರ ಹಾಗೆ ಹೇಳಬೇಡ. ಮಾಸ್ಕ್ ಹಾಕಿಕೊಂಡೇ ಓಡಾಡುತ್ತಿದ್ದಾಳೆ ಅನ್ನು ಸಾಕು. ತಾಜ್ ಮಹಲ್ ನೋಡಿದ್ದಾಯಿತು, ಫೋಟೊದಲ್ಲಿ ಇರುವ ಹಾಗೇ ಇದೆ. ಊಟಕ್ಕೆ ರಾಜ್ಮಾ, ಬೆಳಿಗ್ಗೆಯೂ ರಾಜ್ಮಾ, ಅದರ ಮೇಲೆ ಬರೆಯುವಂಥದ್ದೇನೂ ಇಲ್ಲ. ಅಪ್ಪನ ಪಿಂಚಣಿಗೆ ಲೈಫ್ ಸರ್ಟಿಫಿಕೇಟ್ ಈ ತಿಂಗಳೊಳಗೇ ಕೊಡಬೇಕು, ಬ್ಯಾಂಕಿಗೆ ಕರೆದುಕೊಂಡು ಹೋಗುವಾಗ ಆಧಾರ್ ಜೊತೆಗೆ ಪಿಪಿಒ ನಂಬರೂ ಇರಲಿ. ನಿದ್ದೆ ಬರುತ್ತಿಲ್ಲ, ಅದಕ್ಕೇ ನಿನ್ನ ಮೆಸೇಜಿಗೆ ಉದ್ದ ಉತ್ತರ ಬರೆಯುತ್ತಿದ್ದೇನೆ. "ಟ್ರ್ಯಾಕ್ ಪಕ್ಕದಲ್ಲೇ ಇದ್ದೀಯಲ್ಲಕ್ಕಾ, ಎಫ್-ಒನ್ ಮತ್ತೆ ಇಂಡಿಯಾಕ್ಕೆ ಬರಬೇಕೋ ಬೇಡವೋ, ಬಂದರೆ ಬೆಂಗಳೂರಿಗೆ ಯಾಕೆ ಬರಬಾರದು" ಅಂತ ಕೇಳಿದೀಯ. ಬರಬೇಕೋ ಬೇಡವೋ ಅನ್ನುವುದನ್ನು ಮೊದಲು ಕೇಳಿದ್ದೇ ತಪ್ಪು ಅಂತ ನನ್ನ ವಾದ. ಎಲ್ಲಿ ಅನ್ನುವುದು ಇತ್ಯರ್ಥವಾಗದೆ ಬೇಕೋ ಬೇಡವೋ ಅನ್ನುವುದಕ್ಕೆ ಅರ್ಥವೇ ಇಲ್ಲ.

ಇಲ್ಲಿಯದನ್ನೇ ತೆಗೆದುಕೋ. ಯಮುನಾ ಎಕ್ಸ್‌ಪ್ರೆಸ್‌ವೇ ಪಕ್ಕದಲ್ಲಿದೆ, ಜಿಲ್ಲೆಗೆ ಗೌತಮ ಬುದ್ಧ ನಗರ ಅಂತ ಹೆಸರಾದ್ದರಿಂದ ಬುದ್ಧ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಕುದುರೆಯನ್ನೂ ವಾಪಸ್ ಕಳಿಸಿ ನಡೆದೇ ಹೋದವನ ಹೆಸರನ್ನು ಗಂಟೆಗೆ 300 ಕಿಲೋಮೀಟರ್ ದಾಟುವ ರಸ್ತೆಗೆ ಇಟ್ಟಿದ್ದಾರೆ, ಇರಲಿ. ಜರ್ಮನಿಯ ಹರ್ಮನ್ ಟಿಲ್ಕೆ ವಿನ್ಯಾಸ ಮಾಡಿದ್ದು, ಐದು ಕಿಲೋಮೀಟರಿಗೆ ಸ್ವಲ್ಪ ಮೇಲೆ ಉದ್ದ, 16 ತಿರುವು. 2011ರ ಅಕ್ಟೋಬರ್ 30ಕ್ಕೆ ಮೊದಲ ರೇಸ್. 2011, 2012, 2013 ಮೂರೂ ವರ್ಷ ಗೆದ್ದವನು ಸೆಬಾಸ್ಟಿಯನ್ ವೆಟ್ಟೆಲ್, ಮೂರನೆಯ ಸಲ ಇಲ್ಲಿಯೇ ನಾಲ್ಕನೆಯ ವಿಶ್ವ ಪಟ್ಟವನ್ನೂ ಗಟ್ಟಿಮಾಡಿಕೊಂಡ. ರಸ್ತೆಯನ್ನು ಚಾಲಕರು ಹೊಗಳಿದರು. ಮೊದಲ ವರ್ಷ ಜನವೂ ಬಂದರು, ಸುಮಾರು 95 ಸಾವಿರ ಅಂತ ಆಗ ವರದಿಯಾಗಿತ್ತು. ಅಂದರೆ ಡಾಂಬರಿನಲ್ಲಿ ಕೊರತೆ ಇರಲಿಲ್ಲ, ಕುತೂಹಲಕ್ಕೂ ಕೊರತೆ ಇರಲಿಲ್ಲ. ಆದರೂ ಐದು ವರ್ಷದ ಒಪ್ಪಂದ ಮೂರೇ ವರ್ಷಕ್ಕೆ ನಿಂತಿತು. "ನಮ್ಮವರಿಗೆ ಮಾಡೋಕೆ ಬರಲ್ಲ" ಅನ್ನುವುದು ಸುಲಭದ ಉತ್ತರ, ನೀನೂ ಅದನ್ನೇ ಅನ್ನುತ್ತೀಯ. ಆದರೆ ಮೂರು ಸಲ ಮಾಡಿ ತೋರಿಸಿದ್ದಾರಲ್ಲ. ಕೆಟ್ಟದ್ದು ಮಾಡುವುದರಲ್ಲಲ್ಲ, ಕೂರಿಸಿದ ಜಾಗದಲ್ಲಿ. ಜಾಗ ಅಂದರೆ ಬರೀ ನೆಲ ಅಲ್ಲ. ಆ ನೆಲದ ವ್ಯವಹಾರ, ಅಲ್ಲಿಯ ತೆರಿಗೆ, ಸುತ್ತಲಿನ ಜನ ಎಲ್ಲ ಸೇರಿದ್ದು.

ವ್ಯವಹಾರವೇ ಮೊದಲನೆಯದು. ಇದನ್ನು ಕಟ್ಟಿದವರು ರೇಸಿನವರಲ್ಲ, ಎಕ್ಸ್‌ಪ್ರೆಸ್‌ವೇ ಕಟ್ಟಿ ಅದರ ಪಕ್ಕ ಸೈಟು, ಫ್ಲ್ಯಾಟು ಮಾರಲು ಹೊರಟ ಜೇಪೀ ಕಂಪನಿಯವರು. ರೇಸ್ ಅವರಿಗೆ ಲೇಔಟಿನ ಹೆಬ್ಬಾಗಿಲಿಗೆ ಕಟ್ಟಿದ ಸೀರಿಯಲ್ ಸೆಟ್ ಇದ್ದ ಹಾಗೆ: ಸೈಟು ಹೋಗುವ ತನಕ ಉರಿಯುತ್ತದೆ. 2011ರ ರೇಸಿಗೆ ಎಫ್-ಒನ್‌ನವರಿಗೆ ಒಪ್ಪಿಕೊಂಡ ಶುಲ್ಕ 4 ಕೋಟಿ ಡಾಲರ್. ಟಿಕೆಟ್ ಮಾರಿ ಹುಟ್ಟುವ ದುಡ್ಡಲ್ಲ ಅದು, ಮನೆ ಮಾರಿಯೇ ಹುಟ್ಟಬೇಕು. ಮನೆ ವ್ಯಾಪಾರ ಕುಸಿಯಿತು, ದೀಪ ಆರಿತು. ಬಾಕಿ ಕಟ್ಟಿಲ್ಲವೆಂದು ಯಮುನಾ ಎಕ್ಸ್‌ಪ್ರೆಸ್‌ವೇ ಪ್ರಾಧಿಕಾರ 2020ರಲ್ಲಿ ಟ್ರ್ಯಾಕ್ ಇರುವ ಸಾವಿರ ಹೆಕ್ಟೇರಿನ ಮಂಜೂರಾತಿಯನ್ನೇ ರದ್ದುಮಾಡಿತು, 2025ರಲ್ಲಿ ಅಲಹಾಬಾದ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಇದೇ ಎಕ್ಸ್‌ಪ್ರೆಸ್‌ವೇ ಭೂಸ್ವಾಧೀನದ ಗಲಾಟೆಯಲ್ಲಿ, ಮೊದಲ ರೇಸಿಗೆ ಐದು ತಿಂಗಳು ಮುಂಚೆ, ಭಟ್ಟಾ ಪರ್ಸೌಲ್‌ನಲ್ಲಿ ರೈತರೂ ಪೊಲೀಸರೂ ಸತ್ತಿದ್ದರು. ಊರವರ ಜಗಳ ಆರದ ಹೊಲದ ಮಗ್ಗುಲಲ್ಲಿ ಪರದೇಶದವರ ಹಬ್ಬ.

ಆಮೇಲೆ ತೆರಿಗೆ. ಇದು ಆಟವೋ ಮನರಂಜನೆಯೋ ಅನ್ನುವುದು ನಮ್ಮ ಸರ್ಕಾರಗಳಿಗೇ ಗೊತ್ತಾಗಲಿಲ್ಲ. ಕೇಂದ್ರದ ಕ್ರೀಡಾ ಇಲಾಖೆ ಇದು ಕ್ರೀಡೆಯಲ್ಲ, ಮನರಂಜನೆ ಅಂದಿತು. ಉತ್ತರ ಪ್ರದೇಶ ಮನರಂಜನಾ ತೆರಿಗೆಯನ್ನೇ ಮಾಫಿ ಮಾಡಿತು. ಅದರ ಮೇಲೆ ಅರ್ಜಿ ಬಿದ್ದು, ರೇಸಿಗೆ ದಿನಗಳಿರುವಾಗ ಸುಪ್ರೀಂ ಕೋರ್ಟ್ ಟಿಕೆಟ್ ಹಣದಲ್ಲಿ ಶೇ. 25ರಷ್ಟನ್ನು ಬೇರೆ ಖಾತೆಯಲ್ಲಿಡಿ ಅಂದಿತು. ಕೊನೆಗೆ 2017ರಲ್ಲಿ ಅದೇ ಕೋರ್ಟ್, ರೇಸ್ ಮೂರೇ ದಿನದ್ದಾದರೂ ಎಫ್-ಒನ್ ಕಂಪನಿಗೆ ಈ ಟ್ರ್ಯಾಕೇ ಭಾರತದಲ್ಲಿನ ಕಾಯಂ ವ್ಯವಹಾರದ ಜಾಗ, ಆದ್ದರಿಂದ ಇಲ್ಲಿ ತೆರಿಗೆ ಕಟ್ಟಬೇಕು ಅಂತ ತೀರ್ಪು ಕೊಟ್ಟಿತು. ತೀರ್ಪು ಸರಿಯೇ, ಇಲ್ಲಿ ದುಡಿದ ದುಡ್ಡಿಗೆ ಇಲ್ಲಿ ತೆರಿಗೆ ಕಟ್ಟಲಿ. ಆದರೆ ಎಷ್ಟು ಕಟ್ಟಬೇಕು ಅನ್ನುವುದು ಮದುವೆಗೆ ಮುಂಚೆ ತಿಳಿಯಬೇಕಾದ ಮಾತು, ಬೀಗರು ಊರಿಗೆ ಹೋಗಿ ನಾಲ್ಕು ವರ್ಷ ಆದಮೇಲೆ ಅಲ್ಲ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು ಜನ. ಮೂರು ದಿನ ರೇಸ್ ನಡೆದರೆ ಉಳಿದ 362 ದಿನ ಟ್ರ್ಯಾಕಿನಲ್ಲಿ ಏನು ನಡೆಯುತ್ತದೆ? ಕಾರು ಕಂಪನಿಯವರು ಬಾಡಿಗೆಗೆ ಹಿಡಿದು ಜಾಹೀರಾತು ಮಾಡುತ್ತಾರೆ, ದುಡ್ಡಿದ್ದವರು ಹೊಸ ಗಾಡಿ ಓಡಿಸಿ ಹೋಗುತ್ತಾರೆ. ಗೇರ್ ಬಾಕ್ಸ್ ಬಿಚ್ಚಿ ಕೂರುವ ಮೆಕ್ಯಾನಿಕ್ಕು, ಬಾವುಟ ಹಿಡಿದು ಬಿಸಿಲಲ್ಲಿ ನಿಲ್ಲುವ ಮಾರ್ಷಲ್‌ಗಳು, ಮಗನ ಕಾರ್ಟಿಂಗಿಗಾಗಿ ಭಾನುವಾರಗಳನ್ನೆಲ್ಲ ಕಳೆಯುವ ಅಪ್ಪ, ಇವರು ನಮ್ಮ ದೇಶದಲ್ಲಿ ಇದ್ದಾರೆ, ಆದರೆ ಇರುವುದು ದಕ್ಷಿಣದಲ್ಲಿ, ಇಲ್ಲಿಂದ ಎರಡು ಸಾವಿರ ಕಿಲೋಮೀಟರಿಗೂ ಆಚೆ. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ನೋಡು, ಯುದ್ಧಕಾಲದ ವಿಮಾನ ಇಳಿದಾಣ ಅದು, 1948ರಿಂದ ರೇಸು. ಸುತ್ತಮುತ್ತ ಒಂದೊಂದೇ ಗ್ಯಾರೇಜು, ವರ್ಕ್‌ಶಾಪು ಬೆಳೆದು ಈಗ ಎಫ್-ಒನ್ ತಂಡಗಳೇ ಆ ಕಡೆ ಬೇರುಬಿಟ್ಟಿವೆ. ನಮ್ಮ ಮಲ್ಯರ ಫೋರ್ಸ್ ಇಂಡಿಯಾ ನೆನಪಿದೆಯಾ? 2008ರಿಂದ 2018ರ ತನಕ ಓಡಿತು. ಹೆಸರಿನಲ್ಲಿ ಇಂಡಿಯಾ, ಒಡೆಯ ಬೆಂಗಳೂರಿನವ, ಕಾರ್ಖಾನೆ ಸಿಲ್ವರ್‌ಸ್ಟೋನ್ ಗೇಟಿನ ಎದುರು. ರೇಸಿನಲ್ಲಿ ಅದರ ಕಾರು ಓಡಿಸಿದ ಭಾರತೀಯ ಒಬ್ಬನೂ ಇಲ್ಲ. ಮಲ್ಯರಿಗೆ ಬೆಂಗಳೂರಿನಲ್ಲಿ ಜಾಗಕ್ಕೇನು ಬರವಿರಲಿಲ್ಲ. ಕೆಲಸ ಬಲ್ಲವರು ಇದ್ದದ್ದು ಅಲ್ಲಿ, ಅಷ್ಟೇ. ಅಷ್ಟು ಬೇರಿರುವ ಸಿಲ್ವರ್‌ಸ್ಟೋನಿಗೇ ವರ್ಷವರ್ಷ ಏರುವ ಶುಲ್ಕ ತಡೆಯಲಾಗದೆ 2017ರಲ್ಲಿ ಒಪ್ಪಂದದಿಂದ ಹೊರಬರುತ್ತೇವೆ ಅಂತ ನೋಟಿಸ್ ಕೊಟ್ಟಿದ್ದರು, 2019ರಲ್ಲಿ ಹೊಸದಾಗಿ ಚೌಕಾಶಿ ಮಾಡಿ ಉಳಿಸಿಕೊಂಡರು. ಬೇರಿದ್ದವನಿಗೆ ಚೌಕಾಶಿಯ ತಾಕತ್ತಾದರೂ ಇರುತ್ತದೆ. ದಕ್ಷಿಣ ಕೊರಿಯಾದವರು ಸಿಯೋಲ್‌ನಿಂದ 300 ಕಿಲೋಮೀಟರಿಗೂ ದೂರದ ಯೋಂಗಾಮ್‌ನಲ್ಲಿ ಕಟ್ಟಿದರು: 2010ಕ್ಕೆ ಶುರು, 2013ಕ್ಕೆ ಮುಗಿಯಿತು, ನಮ್ಮದರ ಜೊತೆಗೇ. ಮಲೇಷ್ಯಾದ ಸೆಪಾಂಗ್ 1999ರಿಂದ 2017ರ ತನಕ ಎಳೆದು, ಖರ್ಚು ಏರಿ ಜನ ಇಳಿದು ಎಫ್-ಒನ್ ಬಿಟ್ಟಿತು. ಆದರೆ ಬೈಕುಗಳ ಮೋಟೊಜಿಪಿ ಅಲ್ಲಿ ಬಿಡಲಿಲ್ಲ. ಅದು ಬೈಕಿನ ದೇಶ. ಮನೆಯಲ್ಲಿ ಏನು ಓಡಿಸುತ್ತಾರೋ ಅದನ್ನು ನೋಡಲು ಜನ ಬರುತ್ತಾರೆ.

ಸಿಂಗಪುರ ಇಲ್ಲವಾ ಅನ್ನುತ್ತೀಯ, ಗೊತ್ತು. 2008ರಿಂದ ಊರ ನಡುವಿನ ರಸ್ತೆಯಲ್ಲೇ ರಾತ್ರಿ ರೇಸ್, ಟ್ರ್ಯಾಕೂ ಬೇಡ, ಮೆಕ್ಯಾನಿಕ್ಕೂ ಬೇಡ. ನಿಜ. ಆದರೆ ಅಲ್ಲಿ ಖರ್ಚಿನ ಶೇ. 60ರಷ್ಟನ್ನು ಸರ್ಕಾರ ಹಾಕುತ್ತದೆ, ಆ ವಾರ ಹೋಟೆಲುಗಳ ಮೇಲೆ ವಿಶೇಷ ಸೆಸ್ ಹಾಕಿ ಒಂದಷ್ಟು ವಾಪಸ್ ಎತ್ತಿಕೊಳ್ಳುತ್ತದೆ, ಮತ್ತು ಸರ್ಕಾರ ನಡೆಸುವ ಪಕ್ಷ ಬದಲಾಗುವುದಿಲ್ಲ. ಈ ಮೂರನೆಯದು ಹಗುರದ ಮಾತಲ್ಲ. ಹೈದರಾಬಾದಿನವರು ಹುಸೇನ್ ಸಾಗರದ ಪಕ್ಕ 2023ರ ಫೆಬ್ರವರಿ 11ಕ್ಕೆ ಎಲೆಕ್ಟ್ರಿಕ್ ಕಾರುಗಳ ಫಾರ್ಮುಲಾ ಇ ಓಡಿಸಿದರು. ಡಿಸೆಂಬರಿನಲ್ಲಿ ಸರ್ಕಾರ ಬದಲಾಯಿತು, ಜನವರಿಯಲ್ಲಿ ಮುಂದಿನ ರೇಸ್ ರದ್ದಾಯಿತು. ಎರಡು ಸರ್ಕಾರಗಳಲ್ಲಿ ಯಾರು ಸರಿ ಅನ್ನುವ ಪಂಚಾಯಿತಿ ನನಗೆ ಬೇಡ. ಬೀದಿ ರೇಸಿಗೆ ಬೇರು ಅಂದರೆ ಮುಖ್ಯಮಂತ್ರಿಯ ಕುರ್ಚಿ ಒಂದೇ, ಐದು ವರ್ಷಕ್ಕೊಮ್ಮೆ ಅಲುಗಾಡುವ ಕುರ್ಚಿ. ತಡೆಗೋಡೆ ಬಿಚ್ಚಿದ ಮೇಲೆ ಊರಿನಲ್ಲಿ ಏನೂ ಉಳಿಯುವುದಿಲ್ಲ.

(ಅಮ್ಮನ ಶುಗರ್ ಮಾತ್ರೆ ಫ್ರಿಜ್ಜಿನ ಮೇಲಿನ ಡಬ್ಬಿಯಲ್ಲಿದೆ, ಒಳಗಲ್ಲ. ಸೋಮವಾರಕ್ಕೆ ಮುಗಿಯುತ್ತದೆ, ತಂದಿಡು.)

ಈಗ ನಿನ್ನ ಬೆಂಗಳೂರು. ಬೇಡ ಅನ್ನುತ್ತೇನೆ, ನಮ್ಮ ಊರಿನ ಮೇಲೆ ಹೊಟ್ಟೆಕಿಚ್ಚೇನಿಲ್ಲ. ಎಫ್-ಒನ್‌ಗೆ ಒಂದೇ ಮೆಟ್ಟಿಲು ಕೆಳಗಿನ ಎಫ್-ಟೂನಲ್ಲಿ, 2025ರಲ್ಲಿ ಮೊನಾಕೊದ ಸ್ಪ್ರಿಂಟ್ ರೇಸ್ ಗೆದ್ದ ಕುಶ್ ಮೈನಿ ನಮ್ಮ ಊರಿನವನೇ. ಮರುಭೂಮಿಯ ರ‍್ಯಾಲಿಗಳಲ್ಲಿ 2019ರ ಮಹಿಳಾ ವಿಶ್ವಕಪ್ ತಂದ ಐಶ್ವರ್ಯ ಪಿಸ್ಸೆಯೂ ನಮ್ಮವಳೇ. ಓಡಿಸುವವರು ಇದ್ದಾರೆ. ಆದರೆ ಹೊಸದಾಗಿ ಟ್ರ್ಯಾಕ್ ಕಟ್ಟಬೇಕೆಂದರೆ ಮೊದಲು ಬೇಕಾಗುವುದು ನೂರಾರು ಎಕರೆ, ಎಲ್ಲರ ಬೆರಳೂ ದೇವನಹಳ್ಳಿ ಕಡೆಗೇ ಹೋಗುತ್ತದೆ. ಅಲ್ಲಿ ಚನ್ನರಾಯಪಟ್ಟಣ ಹೋಬಳಿಯ ರೈತರು ವರ್ಷಗಟ್ಟಲೆ ಕೂತು, ವಿಮಾನದ ಬಿಡಿಭಾಗಗಳ ಪಾರ್ಕಿಗೆಂದು ಗುರುತಿಸಿದ್ದ 1,777 ಎಕರೆಯನ್ನು 2025ರ ಜುಲೈಯಲ್ಲಿ ಸರ್ಕಾರ ಕೈಬಿಡುವ ಹಾಗೆ ಮಾಡಿದರು. ಉದ್ಯೋಗ ಕೊಡುತ್ತೇವೆ ಅಂದ ಕಾರ್ಖಾನೆಗೇ ಬಿಡದ ನೆಲವನ್ನು ಮೂರು ದಿನದ ರೇಸಿಗೆ ಯಾವ ಮುಖ ಇಟ್ಟುಕೊಂಡು ಕೇಳುತ್ತೀಯ? ಕೇಳಿ ಕೊಟ್ಟರೂ, ರೇಸಿನ ನೆಪದಲ್ಲಿ ಸುತ್ತ ಲೇಔಟ್ ಏಳುತ್ತದೆ, ಮತ್ತೆ ಇಲ್ಲಿಯ ಕಥೆಯೇ.

ಹಾಗಾದರೆ ಎಲ್ಲಿ? ಚೆನ್ನೈ ಹೊರಗೆ, ಶ್ರೀಪೆರಂಬದೂರು ದಾರಿಯ ಇರುಂಗಾಟ್ಟುಕೋಟೆಯಲ್ಲಿ. ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್‌ನವರು ಮೊದಲು ಶೋಲವರಂನ ಹಳೇ ವಿಮಾನ ಇಳಿದಾಣದಲ್ಲಿ ಓಡಿಸುತ್ತಿದ್ದರು, 1990ರಲ್ಲಿ ಇಲ್ಲಿ ಸ್ವಂತ ಟ್ರ್ಯಾಕ್ ಮಾಡಿಕೊಂಡರು, 3.7 ಕಿಲೋಮೀಟರ್. ಪಕ್ಕದಲ್ಲೇ ಹ್ಯುಂಡೈ ಕಾರ್ಖಾನೆ, ಸ್ವಲ್ಪ ಆಚೆ ಓರಗಡಂನಲ್ಲಿ ರಾಯಲ್ ಎನ್‌ಫೀಲ್ಡ್, ಟೈರಿನ ಎಂಆರ್‌ಎಫ್ ಊರಿನದೇ. ಕೊಯಮತ್ತೂರಿನಲ್ಲಿ ಕರಿವರ್ಧನ್ ಹೆಸರಿನ ಇನ್ನೊಂದು ಟ್ರ್ಯಾಕ್. ನಮ್ಮ ಬೆಂಗಳೂರಿನ ಹುಡುಗರೂ ಬೈಕ್ ಓಡಿಸಲು ಹೋಗುವುದು ಇವೆರಡಕ್ಕೇ. ಎಂಆರ್‌ಎಫ್ ಚಾಲೆಂಜ್ ಅಂತ ಒಂದು ಸರಣಿ ನಡೆಯುತ್ತಿತ್ತು, ಸದ್ದಿಲ್ಲದೆ. ಶೂಮಾಕರ್ ಮಗ ಮಿಕ್ ಎಫ್-ಒನ್‌ಗೆ ಹೋಗುವ ಮೊದಲು ಅದರಲ್ಲಿ ಓಡಿಸಿದ್ದ, 2018–19ರ ಸರಣಿಯನ್ನು ಗೆದ್ದವಳು ಇಂಗ್ಲೆಂಡಿನ ಜೇಮಿ ಚಾಡ್ವಿಕ್. ನಮ್ಮ ದೇಶಕ್ಕೆ ಹೊಂದುವ ಅಂತರರಾಷ್ಟ್ರೀಯ ರೇಸ್ ಅಂದರೆ ಇದು: ಹೊರಗಿನ ಎಳೆಯರು ಬರಬೇಕು, ನಮ್ಮ ಎಳೆಯರು ಅವರ ಪಕ್ಕ ಓಡಿಸಬೇಕು, ಸ್ಪ್ಯಾನರ್ ಹಿಡಿಯುವವರು ಶ್ರೀಪೆರಂಬದೂರಿನವರೇ ಆಗಿರಬೇಕು. ಟ್ರ್ಯಾಕಿಗೆ ಎಫ್-ಒನ್ ದರ್ಜೆ ಇಲ್ಲ, ಒಪ್ಪುತ್ತೇನೆ. ಅದು ಹತ್ತು ವರ್ಷದ ಮೇಲಿನ ಚಿಂತೆ. ಮದ್ರಾಸಿನ ಸೆಖೆ ಅನ್ನುವವರೂ ಇದ್ದಾರೆ. ಇಲ್ಲಿ ನೊಯ್ಡಾದಲ್ಲಿ 2023ರ ಸೆಪ್ಟೆಂಬರಿನಲ್ಲಿ ಮೋಟೊಜಿಪಿ ನಡೆದಾಗ ಬಿಸಿಲಿಗೆ ಹೆದರಿ ಮೂರು ಸುತ್ತು ಕಡಿಮೆ ಮಾಡಿದ್ದರು. ನವೆಂಬರಿನಲ್ಲಿ ಇಟ್ಟುಕೊಂಡರೆ ಈಗ ನನ್ನ ಕಿಟಕಿಯಾಚೆ ಕಾಣುವುದು, ಅಂದರೆ ಕಾಣದಿರುವುದು. ಚೆನ್ನೈಗೆ ಜನವರಿ, ಫೆಬ್ರವರಿ ಇದೆಯಲ್ಲ.

ಕಟ್ಟಿ ನಿಂತಿರುವ ಇದನ್ನು ಹಾಳುಬಿಡುವುದಾ ಅಂದರೆ, ಬಿಡುವುದು ಬೇಡ. ಸೈಟು ವ್ಯಾಪಾರದಿಂದ ಬಿಡಿಸಿ, ವಾರವಾರ ಬಾಗಿಲು ತೆರೆದು, ಇಲ್ಲಿಯ ಹುಡುಗರಿಗೆ ಕೈಗೆಟುಕುವ ದರಕ್ಕೆ ಕೊಡಲಿ; ಹದಿನೈದು ವರ್ಷಕ್ಕೆ ಇದಕ್ಕೂ ಬೇರು ಬಂದೀತು. ಆದರೆ ಖರ್ಚು ಮಾಡಿಯಾಗಿದೆ, ಅದಕ್ಕಾಗಿ ಮತ್ತೆ ಕೋಟಿಗಟ್ಟಲೆ ಡಾಲರ್ ಶುಲ್ಕ ಕಟ್ಟಿ ಎಫ್-ಒನ್ ಕರೆಸೋಣ ಅನ್ನುವುದು, ಬೋರು ಬತ್ತಿತೆಂದು ಅದಕ್ಕೇ ಇನ್ನೂ ದೊಡ್ಡ ಮೋಟರ್ ಇಳಿಸಿದ ಹಾಗೆ. ಬಡ ದೇಶಕ್ಕೆ ರೇಸ್ ಯಾಕೆ ಅನ್ನುವವರ ಜೊತೆಗೂ ನಾನಿಲ್ಲ. ಕ್ರೀಡಾಂಗಣಕ್ಕೆ ಸರ್ಕಾರ ದುಡ್ಡು ಹಾಕುವುದಿಲ್ಲವಾ, ಟ್ರ್ಯಾಕಿಗೂ ಹಾಕಲಿ, ಅದು ಊರಿನಲ್ಲಿ ಉಳಿಯುತ್ತದೆ. ಶುಲ್ಕ ಮಾತ್ರ ವಿಮಾನ ಹತ್ತಿ ಹೋಗುತ್ತದೆ, ಅದಕ್ಕೆ ಸರ್ಕಾರದ ಒಂದು ಪೈಸೆಯೂ ಬೇಡ. ರಾತ್ರಿ ಹೈವೇಯಲ್ಲಿ ವ್ಹೀಲಿ ಮಾಡುವ ಹುಡುಗರನ್ನು ಹಿಡಿದು ದಂಡ ಹಾಕಿ ಹಾಕಿ ನಮ್ಮ ಪೊಲೀಸರು ಸೋತಿದ್ದಾರೆ. ಅವರಿಗೆ ವೀಕ್ಷಕರ ಗ್ಯಾಲರಿಯ ಟಿಕೆಟ್ ಕೊಟ್ಟರೆ ಏನೂ ಆಗದು, ಭಾನುವಾರ ಬೆಳಿಗ್ಗೆ ಎರಡು ಗಂಟೆ ಟ್ರ್ಯಾಕ್ ಕೊಟ್ಟು, ಹೇಳಿಕೊಡುವವನೊಬ್ಬನನ್ನು ನಿಲ್ಲಿಸಿದರೆ ಆದೀತು.

ಎರಡೂವರೆ ಆಯಿತು. ಪುಟ್ಟ ಕಾರ್ಟಿಂಗ್ ಕ್ಲಾಸಿಗೆ ಸೇರುತ್ತೇನೆ ಅಂತ ಹಟ ಹಿಡಿದಿದ್ದಾನಂತೆ, ನಿನ್ನ ಹೆಂಡತಿ ಬೇಡ ಅನ್ನುತ್ತಿದ್ದಾಳಂತೆ. ಸೇರಿಸು, ಆದರೆ ಹೆಲ್ಮೆಟ್ ಅವನ ತಲೆ ಅಳತೆಯದೇ ಇರಲಿ, ಬೆಳೆಯುತ್ತಾನೆ ಅಂತ ದೊಡ್ಡದು ತರಬೇಡ. ಗ್ಯಾಸ್ ಬುಕ್ ಮಾಡಿದ್ದೀಯಾ? ಮತ್ತೆ ಅಪ್ಪನಿಗೆ ಬ್ಯಾಂಕಿನಲ್ಲಿ ಬೆರಳಚ್ಚು ಹತ್ತದಿದ್ದರೆ ಮುಖ ತೋರಿಸಿಯೂ ಮಾಡಬಹುದಂತೆ, ಫೋನಿನಲ್ಲೇ, ಅದಕ್ಕೊಂದು ಆ್ಯಪ್ ಇದೆ.