ನಿಗಡಿಯಿಂದ ಜುನಾ ಬಾಜಾರಕ್ಕೆ

ಪುಣೆಯಿಂದ ಮುಂಬಯಿಯ ಹಳೆಯ ಹೆದ್ದಾರಿ ಹಿಡಿದು ಹೊರಟರೆ ಖಡಕಿ, ದಾಪೋಡಿ, ಪಿಂಪರಿ, ಚಿಂಚವಡ, ಆಕುರ್ಡಿಗಳನ್ನು ದಾಟಿದ ಮೇಲೆ ನಮ್ಮ ನಿಗಡಿ ಬರುತ್ತದೆ. ಶಿವಾಜಿ ಮಹಾರಾಜರೂ ತುಕಾರಾಮ ಮಹಾರಾಜರೂ ಎದುರುಬದುರಾಗಿ ನಿಂತ ಭಕ್ತಿ-ಶಕ್ತಿ ಶಿಲ್ಪ ಕಂಡಿತೆಂದರೆ ಚೀಲ ಕೈಗೆ ತೆಗೆದುಕೊಳ್ಳಬೇಕು. 1972ರಲ್ಲಿ ಸ್ಥಾಪನೆಯಾದ ಪ್ರಾಧಿಕರಣದವರು ಅಳತೆ ಹಾಕಿ ಕಟ್ಟಿದ ಬಡಾವಣೆ ಇದು. ವಿಳಾಸ ಹೇಳುವಾಗ ಓಣಿಯ ಹೆಸರಿಲ್ಲ; ಸೆಕ್ಟರಿನ ಅಂಕಿ ಹೇಳಬೇಕು. ಧಾರವಾಡದ ಓಣಿಯಲ್ಲಿ ಬೆಳೆದ ನಮಗೆ ಇದು ರೂಢಿಯಾಗಲು ಬಹಳ ದಿನ ಹಿಡಿಯಿತು.

ಈ ಊರಿನಿಂದ ನಾವು ತಿಂಗಳಿಗೆರಡು ಭಾನುವಾರ ಬಸ್ಸು ಹತ್ತಿ ಪುಣೆಯ ಜುನಾ ಬಾಜಾರಕ್ಕೆ ಹೋಗುತ್ತೇವೆ. ಮನೆಯವರಿಗೆ ಇದು ಹುಚ್ಚಾಗಿ ಕಂಡರೆ ತಪ್ಪಲ್ಲ. ಆದರೆ ಇದರ ಹಿಂದೆ ನಮ್ಮದೊಂದು ಅಪರಾಧವಿದೆ. ಅದನ್ನು ಸ್ವಲ್ಪ ತಡೆದು ಹೇಳುತ್ತೇವೆ.

ಕಚೇರಿಯ ಸ್ನೇಹಿತರೊಬ್ಬರು ಒಂದು ಮಧ್ಯಾಹ್ನ ಡಬ್ಬಿ ಬಿಚ್ಚುತ್ತ ಸುದ್ದಿ ಹೇಳಿದರು. 2025ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಒಂದು ಮನೆ ಖಾಲಿ ಮಾಡುವಾಗ 'ಹಾಬಿಟ್' ಎಂಬ ಕಲ್ಪನಾಕಥೆಯ ಮೊದಲ ಮುದ್ರಣದ ಪ್ರತಿ ಸಿಕ್ಕಿ, ಲಿಲಾವಿನಲ್ಲಿ 43,000 ಪೌಂಡಿಗೆ ಹೋಯಿತಂತೆ. ನಮ್ಮ ಲೆಕ್ಕದಲ್ಲಿ ಅರ್ಧ ಕೋಟಿಯ ಸಮೀಪ! 1937ರಲ್ಲಿ ಟೋಲ್ಕೀನರ ಆ ಪುಸ್ತಕ ಅಚ್ಚಾದದ್ದು ಕೇವಲ 1,500 ಪ್ರತಿ. ಅದರ ಹೊದಿಕೆಯ ಮೇಲೆ, 'ಆಲಿಸ್' ಕಥೆ ಬರೆದ ಲೂಯಿಸ್ ಕ್ಯಾರಲರ ನಿಜನಾಮ ಡಾಜ್‌ಸನ್ ಎಂಬುದರಲ್ಲಿ ಒಂದಕ್ಷರ ಹೆಚ್ಚಾಗಿ ಬಿದ್ದಿತ್ತು. ಅದನ್ನು ಕೈಯಿಂದಲೇ ಶಾಯಿಯಲ್ಲಿ ಹೊಡೆದುಹಾಕಿದರು. ಆ ಶಾಯಿಯ ಗೀಟನ್ನೇ ಸಂಗ್ರಾಹಕರು ಈಗ ಭೂತಗನ್ನಡಿ ಹಿಡಿದು ಹುಡುಕುತ್ತಾರೆ. ನಾವು ಕಡತಗಳಲ್ಲಿ ದಿನಾ ಹೊಡೆಯುವ ಗೀಟಿಗೆ ಇಂಥ ಬೆಲೆ ಎಂದು ಬಂದೀತೋ!

ಬರೀ ಹಣದ ಹುಚ್ಚೂ ಅಲ್ಲವೆನ್ನಿ. ಆ ಮೊದಲ ಮುದ್ರಣದಲ್ಲಿ ಗೊಲಮ್ ಎಂಬ ಗುಹಾವಾಸಿ ಒಗಟಿನ ಪಂದ್ಯದಲ್ಲಿ ಸೋತು ತನ್ನ ಉಂಗುರವನ್ನು ಬಹುಮಾನವಾಗಿ ಕೊಡಲು ಹುಡುಕುತ್ತಾನೆ. ಅದು ಸಿಗದಾಗ ಮಾತಿಗೆ ತಪ್ಪದೆ ಹೊರದಾರಿ ತೋರಿಸುತ್ತಾನೆ. 1951ರ ಆವೃತ್ತಿಯಲ್ಲಿ ಗ್ರಂಥಕರ್ತರೇ ಅದನ್ನು ತಿದ್ದಿ, ಅವನನ್ನು ಕೊಲ್ಲಬಂದವನನ್ನಾಗಿ ಮಾಡಿದರು. ಒಳ್ಳೆಯ ಗೊಲಮ್‌ನನ್ನು ನೋಡಬೇಕೆಂದವರು ಹಳೆಯ ಪ್ರತಿಯನ್ನೇ ತೆರೆಯಬೇಕು.

ನಮ್ಮ ಮನೆಗಳಲ್ಲಿ ಇಂಥ ಪುಸ್ತಕ ಯಾವುದಿತ್ತು? ಬಸ್ಸಿನಲ್ಲಿ ಕೂತು ಯೋಚಿಸಿದಾಗ ನೆನಪಾದದ್ದು 'ಚಂದಮಾಮ'. ನಾಗಿರೆಡ್ಡಿ-ಚಕ್ರಪಾಣಿಯವರು ಮದರಾಸಿನಲ್ಲಿ 1947ರಲ್ಲಿ ಆರಂಭಿಸಿದ ಮಾಸಪತ್ರಿಕೆ ಅದು. ಮೊದಲು ತೆಲುಗು, ತಮಿಳು. ಬಹಳ ತಡವಿಲ್ಲದೆ ಕನ್ನಡ. 1952ರಲ್ಲಿ ಮರಾಠಿಯ 'ಚಾಂದೋಬಾ'. ಅದರ ಮಾಂತ್ರಿಕ-ರಾಕ್ಷಸರ ಧಾರಾವಾಹಿಗಳನ್ನು ಬರೆದವರು ದಾಸರಿ ಸುಬ್ರಹ್ಮಣ್ಯಂ. 1954ರಲ್ಲಿ 'ತೋಕಚುಕ್ಕ'ದಿಂದ ಮೊದಲಿಟ್ಟರು. ಅವುಗಳ ಮೇಲೆ ಅವರ ಹೆಸರೇ ಅಚ್ಚಾಗುತ್ತಿರಲಿಲ್ಲ. ಲಕ್ಷಾಂತರ ಮಕ್ಕಳು ತಿಂಗಳಿಡೀ ಕಾಯುತ್ತಿದ್ದ ಕಥೆಗಾರ 2010ರಲ್ಲಿ ತೀರಿಕೊಂಡಾಗ, ಓದಿ ಬೆಳೆದವರಲ್ಲಿ ಎಷ್ಟೋ ಜನಕ್ಕೆ ಹೆಸರೂ ಗೊತ್ತಿರಲಿಲ್ಲ. ಚಿತ್ರಗಳು 'ಚಿತ್ರಾ' ಎಂಬ ಸಹಿಯವು. ಮುಖಪುಟದ ಮಹಾಭಾರತ ಬರೆದ ಎಂ.ಟಿ.ವಿ. ಆಚಾರ್ಯರಂತೂ ನಮ್ಮ ಕನ್ನಡಿಗರೇ. ತಿಂಗಳ ಸಂಚಿಕೆಯೇ ಈ ಕಥೆಗಳ ಪ್ರಥಮ ಮುದ್ರಣ. ಓದಿ ಮುಗಿದರೆ ಅದರ ದಾರಿ ರದ್ದಿಯ ತಕ್ಕಡಿಗೆ. 2013ರ ಸುಮಾರಿಗೆ ಪತ್ರಿಕೆಯೂ ನಿಂತುಹೋಯಿತು.

ಅಪರಾಧದ ಮಾತು ಈಗ. ನಮ್ಮ ತಂದೆಯವರು ಶಾಲೆಯಲ್ಲಿದ್ದಾಗ ಅಜ್ಜನವರು ಎರಡು ವರ್ಷದ 'ಚಂದಮಾಮ'ಗಳನ್ನು ರಟ್ಟು ಹಾಕಿಸಿ ಒಂದೇ ಗ್ರಂಥ ಮಾಡಿಸಿದ್ದರು. ಬೈಂಡ ಮಾಡುವವನು ಮುಖಪುಟಗಳನ್ನೂ ಜಾಹೀರಾತುಗಳನ್ನೂ ಕಿತ್ತೊಗೆದು ನಡುವಿನ ಹಾಳೆಗಳನ್ನಷ್ಟೆ ಹೊಲಿದಿದ್ದ. ಧಾರವಾಡದ ಮನೆ ಬಿಟ್ಟು ನಿಗಡಿಗೆ ಬರುವಾಗ ಎರಡೇ ದಿನದ ರಜೆ. ಸಾಮಾನು ಹೆಚ್ಚು, ಟೆಂಪೋ ಚಿಕ್ಕದು. ನಾವು ಅದನ್ನು ವೃತ್ತಪತ್ರಿಕೆಗಳ ಜೊತೆ ರದ್ದಿಗೆ ಹಾಕಿದೆವು. ಕಿಲೋಕ್ಕೆ 9 ರೂಪಾಯಿ. ಮುಂದೆ ತಂದೆಯವರು ಇಲ್ಲಿಗೆ ಬಂದಾಗ, "ಆ ಚಂದಮಾಮದ ಪುಸ್ತಕ ಎಲ್ಲೈತೊ?" ಎಂದರು. "ಕಾಕಾನ ಮನ್ಯಾಗ ಟ್ರಂಕಿನಾಗ ಐತ್ರಿ ಅಪ್ಪಾ" ಎಂದುಬಿಟ್ಟೆವು. ಒಂದು ಸಲ ಹೇಳಿದ ಸುಳ್ಳನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ಹಳೆಯ ಸಂಚಿಕೆಗಳು ಈಗ ಮೊಬೈಲಿನಲ್ಲಿಯೂ ನೋಡಸಿಗುತ್ತವೆ. ತೋರಿಸಿದೆವು. ಅವರು ಕನ್ನಡಕ ಸರಿಮಾಡಿಕೊಂಡು ಎರಡು ಪುಟ ನೋಡಿ, "ಕಣ್ಣು ಉರೀತಾವ" ಎಂದು ಹಿಂದಕ್ಕೆ ಕೊಟ್ಟರು.

ಆ ಮೇಲೆ ಶುರುವಾದದ್ದು ಈ ಭಾನುವಾರಗಳು. ಮನಪಾ ಸ್ಟ್ಯಾಂಡಿನಲ್ಲಿಳಿದು ಸ್ವಲ್ಪ ನಡೆದರೆ ಜುನಾ ಬಾಜಾರ; ಬುಧವಾರ, ಭಾನುವಾರ ಸೇರುತ್ತದೆ. ಹಿತ್ತಾಳೆ ಬೀಗ, ಮುರಿದ ರೇಡಿಯೊ, ಹಳೆ ನಾಣ್ಯ, ಯಾರದೋ ಮದುವೆಯ ಫೋಟೊ. ಪುಸ್ತಕಗಳನ್ನು ನೆಲದ ಮೇಲೆ ತಾಡಪತ್ರಿ ಹಾಸಿ ಸುರಿದಿರುತ್ತಾರೆ. 'ಚಾಂದೋಬಾ' ಅನೇಕ ಸಲ ಸಿಕ್ಕಿತು. ಕನ್ನಡದ್ದು ಒಂದು ವರ್ಷ ಸಿಗಲಿಲ್ಲ. ಕಳೆದ ದೀಪಾವಳಿಯ ಮುಂಚಿನ ಭಾನುವಾರ ಒಂದು ಗುಡ್ಡೆಯ ತಳದಿಂದ ಮೂರು ಪ್ರತಿ ಹೊರಬಿದ್ದವು. "ಕಾನಡೀ ಆಹೇ, ಕೋಣ ಘೇಣಾರ?" ಎಂದು ಅಂಗಡಿಯವನು ನಕ್ಕು, ನಮ್ಮ ಮುಖ ನೋಡಿ ಒಮ್ಮೆಲೆ ಬೆಲೆ ಏರಿಸಿದ. ಸಂತೋಷ ಮುಚ್ಚಿಡಲು ಬಾರದವರು ಸಂತೆಗೆ ಹೋಗಬಾರದು. ಮೂರಕ್ಕೂ ಕೂಡಿ 450 ಕೊಟ್ಟೆವು. ಒಂದರ ಒಳಪುಟದಲ್ಲಿ ಯಾವುದೋ ಹುಡುಗ ತನ್ನ ಹೆಸರು, ಇಯತ್ತೆ, 'ಸೋಲಾಪುರ' ಎಂದು ದುಂಡಗೆ ಕನ್ನಡದಲ್ಲಿ ಬರೆದಿದ್ದ. ನಮ್ಮಂತೆಯೇ ಊರು ಬಿಟ್ಟು ಊರಿಗೆ ಬಂದ ಮನೆಯೊಂದರ ಪುಸ್ತಕ.

ಮನೆಯಲ್ಲಿ ಮಗಳು ಮೊದಲು ಕಸಿದುಕೊಂಡಳು. ದೇವನಾಗರಿಯನ್ನು ಪಟಪಟನೆ ಓದುವವಳು ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತಾಳೆ. ಹಿಂದೆ ತಂದಿದ್ದ 'ಚಾಂದೋಬಾ' ಒಂದರಲ್ಲಿ ಅದೇ ರಾಕ್ಷಸನ ಅದೇ ಚಿತ್ರವಿರುವುದನ್ನು ಕಂಡುಹಿಡಿದು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತಳು. ನಮಗೆ ಇದು ಹೊಳೆದಿರಲೇ ಇಲ್ಲ.

ತಂದೆಯವರ ಕೈಗೆ ಕೊಟ್ಟು, "ಟ್ರಂಕಿನ್ಯಾಗಿನವು ಬಂದ್ವು ಅಪ್ಪಾ, ಹೊಲಿಗೆ ಬಿಚ್ಚ್ಯಾವ" ಎಂದೆವು. ಅವರು ಮುಖಪುಟದ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಕೂತರು.

"ನಮ್ಮ ಪುಸ್ತಕಕ್ಕ ಈ ಮುಖಪುಟ ಇದ್ದಿಲ್ಲಲ್ಲೊ" ಎಂದರು ಮೆಲ್ಲಗೆ. ಆಮೇಲೆ, "ರದ್ದಿಯವ ಎಷ್ಟು ಕೊಟ್ಟಿದ್ದ?"

ಹೇಳಿದೆವು. ಅವರು ಏನೂ ಅನ್ನಲಿಲ್ಲ. ಮೊಮ್ಮಗಳನ್ನು ಕರೆದು ಪಕ್ಕದಲ್ಲಿ ಕೂಡ್ರಿಸಿಕೊಂಡು, ಧಾರಾವಾಹಿಯ ಪುಟ ತೆಗೆದು, ಹಿಂದಿನ ಸಂಚಿಕೆಗಳಲ್ಲಿ ಏನಾಗಿತ್ತೆಂದು ಹೇಳತೊಡಗಿದರು.