ಶುಕ್ರವಾರದ ಫೋನು

ನಮ್ಮ ಮನೆಗೆ ಟೆಲಿಫೋನ್ ಬಂದದ್ದು 1994ರಲ್ಲಿ, ಅರ್ಜಿ ಹಾಕಿ ನಾಲ್ಕು ವರ್ಷ ಕಾದ ಮೇಲೆ. ಅಬ್ಬಾ ಸರಕಾರಿ ಉರ್ದು ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಮಲೆನಾಡಿನ ನಮ್ಮ ಪುಟ್ಟ ಪೇಟೆಯ ಆ ಬೀದಿಗೆಲ್ಲ ಅದೊಂದೇ ಫೋನು. ಹಾಗಾಗಿ ಅದು ನಮ್ಮೊಬ್ಬರದಾಗಿ ಹೆಚ್ಚು ದಿನ ಉಳಿಯಲಿಲ್ಲ. ಬೀದಿಯವರೆಲ್ಲ ತಮ್ಮ ನೆಂಟರಿಗೆ ನಮ್ಮ ನಂಬರು ಕೊಟ್ಟು, ಅದರ ಪಕ್ಕದಲ್ಲಿ 'ಪಿ.ಪಿ.' ಎಂದು ಬರೆಯುತ್ತಿದ್ದರು. ಮೂಲೆಮನೆ ಗೌಡರ ಮಗಳು ತೀರ್ಥಹಳ್ಳಿಯಿಂದ ಫೋನು ಮಾಡಿದರೆ ನಾನು ಓಡಿಹೋಗಿ ಗೌಡರನ್ನು ಕರೆಯಬೇಕು. ಅವರು ಕೈಗಂಟಿದ ಅಡಿಕೆ ಚೊಗರು ಒರೆಸಿಕೊಳ್ಳುತ್ತ ಬಂದು ರಿಸೀವರ್ ಹಿಡಿಯುತ್ತಿದ್ದರು. ಅಬ್ಬಾ ಯಾರಿಂದಲೂ ಒಂದು ಪೈಸೆ ಕೇಳಿದವರಲ್ಲ. ಬರುವ ಕರೆಗೆ ದುಡ್ಡೇನು ಎನ್ನುತ್ತಿದ್ದರು.

ಆ ಫೋನನ್ನು ಎಲ್ಲರಿಗಿಂತ ಹೆಚ್ಚು ನೆಚ್ಚಿಕೊಂಡಿದ್ದವರು ಎದುರು ಮನೆಯ ಖಾಲಾ. ಗಂಡ ತೀರಿಕೊಂಡಿದ್ದರು. ಒಬ್ಬನೇ ಮಗ ದಮ್ಮಾಮಿನಲ್ಲಿ ಎ.ಸಿ. ರಿಪೇರಿ ಕೆಲಸದಲ್ಲಿದ್ದ. ಅಲ್ಲಿ ಶುಕ್ರವಾರ ರಜೆ. ಜುಮಾ ಮುಗಿಸಿ, ಫೋನು ಕ್ಯಾಬಿನ್ನಿನ ಮುಂದೆ ಸಾಲು ನಿಂತು ಅವನು ಮಾತಿಗೆ ಸಿಗುವ ಹೊತ್ತಿಗೆ ನಮ್ಮಲ್ಲಿ ಸಂಜೆ ನಾಲ್ಕು ಗಂಟೆ. ಖಾಲಾ ಮೂರೂವರೆಗೇ ಬಂದು ಪಡಸಾಲೆಯ ಚಾಪೆಯ ಮೇಲೆ ತಸ್ಬೀಹ್ ಹಿಡಿದು ಕೂರುತ್ತಿದ್ದರು. ಮಾತು ಮೂರು ನಿಮಿಷದ್ದು. ಅದರಲ್ಲೂ ಒಂದು ನಿಮಿಷ "ಊಟ ಆಯ್ತಾ, ಊಟ ಆಯ್ತಾ" ಎನ್ನುವುದರಲ್ಲೇ ಹೋಗುತ್ತಿತ್ತು. ಅಷ್ಟಾದರೆ ಅವರಿಗೆ ಒಂದು ವಾರ ಸಾಗುತ್ತಿತ್ತು.

2001ರಲ್ಲಿ ನಾನು ಇಪ್ಪತ್ತೆರಡರ ಹುಡುಗ. ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ, ರಾತ್ರಿ ಕಥೆ ಬರೆಯುತ್ತಿದ್ದೆ. ಶಿವಮೊಗ್ಗದಲ್ಲಿ ಒಂದು ಆಫೀಸಿನವರು ಹಳೆಯ ಕಂಪ್ಯೂಟರುಗಳನ್ನು ಮಾರುತ್ತಿದ್ದಾರೆಂದು ತಿಳಿದು, ಕೂಡಿಟ್ಟ ಹಣದಲ್ಲಿ ಒಂದನ್ನು ಕೊಂಡು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ವಿಂಡೋಸ್ 95, ಹದಿನಾರು ಎಂ.ಬಿ. ಮೆಮೊರಿ. ಫ್ಲಾಪಿ ಹಾಕುವ ಬಾಯಿ ಇತ್ತು, ಸಿ.ಡಿ. ಡ್ರೈವ್ ಇರಲಿಲ್ಲ. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಆರು ವರ್ಷವಾದರೂ ನಾನದನ್ನು ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟೆಂದು ಕೊಟ್ಟು ನೋಡಿದ್ದೆನಷ್ಟೆ. ಅದು ಮನೆಗೇ ಬರಬೇಕೆಂಬ ಹಟ ಹತ್ತಿತು. ಅದಕ್ಕೊಂದು ಮೋಡೆಮ್ ಕೊಂಡೆ.

ಮೋಡೆಮ್ ಒಂದು ದುಭಾಷಿ. ಕಂಪ್ಯೂಟರಿಗೆ ಗೊತ್ತಿರುವುದು ಸೊನ್ನೆ ಮತ್ತು ಒಂದು. ಟೆಲಿಫೋನ್ ತಂತಿಗೆ ಗೊತ್ತಿರುವುದು ದನಿ. ಇದು ಅಂಕೆಗಳನ್ನು ದನಿಯಾಗಿಸಿ ತಂತಿಗೆ ಕೊಡುತ್ತದೆ, ಆ ಕಡೆಯಿಂದ ಬಂದ ದನಿಯನ್ನು ಅಂಕೆಯಾಗಿಸಿ ಕಂಪ್ಯೂಟರಿಗೆ ಕೊಡುತ್ತದೆ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಆಡುತ್ತ ಬೆಳೆದ ನನಗೆ ಈ ಕಸುಬು ಹೊಸದೇನಲ್ಲ ಅನ್ನಿಸಿತು. ಆದರೆ ಆ ಹಳೆಯ ಯಂತ್ರ ಸುಲಭಕ್ಕೆ ಬಗ್ಗಲಿಲ್ಲ. ಮೋಡೆಮ್ಮನ್ನು ಗುರುತು ಹಿಡಿಸುವ ತಂತ್ರಾಂಶ ಇದ್ದದ್ದು ಸಿ.ಡಿ.ಯಲ್ಲಿ. ಕಂಪ್ಯೂಟರ್ ಸೆಂಟರಿನ ಗೆಳೆಯನೊಬ್ಬ ಅದನ್ನು ಫ್ಲಾಪಿಗಳಿಗೆ ಇಳಿಸಿಕೊಟ್ಟ. ಡಯಲ್ ಮಾಡುವ ವ್ಯವಸ್ಥೆ ವಿಂಡೋಸಿನಲ್ಲಿ ಇರಲೇ ಇಲ್ಲ, ಅದಕ್ಕೆ ಮತ್ತಷ್ಟು ಫ್ಲಾಪಿ. ಎಲ್ಲ ಆದ ಮೇಲೆ, ಡಯಲ್ ಟೋನ್ ಇಲ್ಲ ಎಂದು ತಕರಾರು ತೆಗೆಯಿತು. ರಿಸೀವರ್ ಎತ್ತಿದರೆ ಟೋನ್ ಚೆನ್ನಾಗಿಯೇ ಕೇಳುತ್ತಿತ್ತು. ನಮ್ಮ ಎಕ್ಸ್‌ಚೇಂಜಿನ ಟೋನು ಆ ಮೋಡೆಮ್ಮಿನ ಕಿವಿಗೆ ಪರಿಚಯದ್ದಲ್ಲ, ಅಷ್ಟೆ. 'ಟೋನಿಗೆ ಕಾಯಿ' ಎಂಬಲ್ಲಿನ ಗುರುತನ್ನು ತೆಗೆದುಬಿಡಬೇಕೆಂದು ತಿಳಿಯಲು ಎರಡು ವಾರ ಹಿಡಿಯಿತು.

ಆಗಸ್ಟ್ ತಿಂಗಳ ಒಂದು ಶುಕ್ರವಾರ ಜುಮಾ ಆದ ಮೇಲೆ, ಅಂಗಡಿಗೆ ಅರ್ಧ ದಿನ ರಜೆಯಿದ್ದಾಗ, ಅದು ಕೊನೆಗೂ ಸಿಕ್ಕಿತು. ಮೊದಲು ಕೀರಲು, ಆಮೇಲೆ ಕಾದ ಬಾಣಲೆಗೆ ನೀರು ಬಿದ್ದ ಹಾಗೆ ಚರಚರ, ಆಮೇಲೆ ಮೌನ. ಮೋಡೆಮ್ಮಿನ ಪೆಟ್ಟಿಗೆಯ ಮೇಲೆ 56 ಎಂದು ಬರೆದಿತ್ತು. ಮಳೆಗೆ ನೆನೆದಿದ್ದ ನಮ್ಮ ತಂತಿಯಲ್ಲಿ ಸಿಕ್ಕಿದ್ದು ಅದರ ಅರ್ಧ, 28,800 ಬಿಟ್. ಎಂದರೆ ಸೆಕೆಂಡಿಗೆ ಮೂರೂವರೆ ಕೆ.ಬಿ. ಕೂಡ ಕಷ್ಟ. ನಾನು ಮೊದಲು ತೆರೆದದ್ದು ಒಂದು ಉರ್ದು ಪತ್ರಿಕೆಯನ್ನು. ಓರೆಯಾಗಿ ಒಂದರ ಮೇಲೊಂದು ಇಳಿಯುವ ನಸ್ತಾಲೀಕ್ ಅಕ್ಷರಗಳನ್ನು ಆಗಿನ ಕಂಪ್ಯೂಟರುಗಳು ತಾವಾಗಿ ತೋರಿಸಲಾರದೆ ಇದ್ದುದರಿಂದ ಉರ್ದು ಪತ್ರಿಕೆಗಳು ಇಡೀ ಪುಟವನ್ನೇ ಚಿತ್ರವಾಗಿ ಹಾಕುತ್ತಿದ್ದವು. ಪುಟ ಮೇಲಿನಿಂದ ಒಂದೊಂದೇ ಎಳೆಯಾಗಿ, ನೇಯ್ಗೆಯ ಹಾಗೆ ಇಳಿಯುತ್ತಿತ್ತು. ತಲೆಬರಹ ಬಂದು ಸುದ್ದಿ ಬರಲು ನಿಮಿಷಗಟ್ಟಲೆ ಕಾಯಬೇಕು. ಕನ್ನಡದ ಪಾಡೂ ಅಷ್ಟೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ವಿಂಡೋಸಿನಲ್ಲಿ ಅದು ಕಂಡದ್ದು 2001ರ ಕೊನೆಗೆ ಬಂದ ಎಕ್ಸ್‌ಪಿಯಲ್ಲಿ. ನನ್ನ ಯಂತ್ರದಲ್ಲಿ ತಾಣಕ್ಕೊಂದು ಫಾಂಟ್ ಇಳಿಸಿಕೊಳ್ಳಬೇಕಿತ್ತು. ನನಗೆ ಅದ್ಯಾವುದೂ ಬೇಸರವೆನಿಸಲಿಲ್ಲ. ನಮ್ಮ ಹೆಂಚಿನ ಮನೆಯೊಳಗೆ ಲಾಹೋರು, ಹೈದರಾಬಾದು, ಬೆಂಗಳೂರು ಎಲ್ಲ ಬಂದು ಕೂತಿದ್ದವು.

ಮೋಡೆಮ್ ಮಾಡುವುದೂ ಒಂದು ಫೋನು ಕರೆಯೇ. ಅದು ಮಾತಾಡುತ್ತಿರುವಷ್ಟು ಹೊತ್ತೂ ಹೊರಗಿನವರಿಗೆ ನಮ್ಮ ಫೋನು ಎಂಗೇಜ್. ಆ ಶುಕ್ರವಾರ ಖಾಲಾ ಬಂದು ಕೂತಿದ್ದರು. ಐದು ಗಂಟೆಗೆ ಎದ್ದು ಹೋದರು. ಅವತ್ತು ನನಗೆ ನಿಜವಾಗಿಯೂ ಹೊಳೆಯಲಿಲ್ಲ.

ಎರಡನೆಯ ಶುಕ್ರವಾರ ಹೊಳೆಯಿತು. ಅದನ್ನು ಮುಚ್ಚಿಡುವುದಿಲ್ಲ. ಇನ್ನು ಹತ್ತು ನಿಮಿಷ, ಈ ಪುಟವೊಂದು ಇಳಿಯಲಿ ಎಂದುಕೊಂಡೆ. ಅಬ್ಬಾ ಮಸೀದಿಯಲ್ಲಿದ್ದರು. ಖಾಲಾ ಬಾಗಿಲಲ್ಲಿ ಇಣುಕಿ ಕೇಳಿದರು: "ಫೋನು ಸರಿ ಇದೆಯಲ್ಲ ಬೇಟಾ?"

"ಸರಿ ಇದೆ ಖಾಲಾ" ಎಂದೆ. ಫೋನು ಸರಿಯಾಗಿಯೇ ಇತ್ತಲ್ಲ!

ಮೂರನೆಯ ಶುಕ್ರವಾರವೂ ಹಾಗೇ ಆಯಿತು. ಆಮೇಲೆ ಒಂದು ಏರ್‌ಮೇಲ್ ಕಾಗದ ಬಂತು. ಖಾಲಾಗೆ ಓದಲು ಬಾರದು. ಮಗನ ಉರ್ದು ಕಾಗದಗಳನ್ನು ಚಿಕ್ಕಂದಿನಿಂದ ಓದಿ ಹೇಳುತ್ತಿದ್ದವನು ನಾನೇ. ತನ್ನನ್ನು ಊರಿನಿಂದ ದೂರದ ಒಂದು ಕಟ್ಟಡದ ಕೆಲಸಕ್ಕೆ ಕಳಿಸುತ್ತಿದ್ದಾರೆ, ಅಲ್ಲಿ ಹತ್ತಿರದಲ್ಲಿ ಫೋನಿಲ್ಲ, ಕೆಲವು ತಿಂಗಳು ಮಾತಾಡಲಾಗದು ಎಂದು ಬರೆದಿದ್ದ. ಅದರ ಕೆಳಗೆ ಹೀಗಿತ್ತು: "ಮೂರು ಶುಕ್ರವಾರವೂ ಮೇಷ್ಟ್ರ ಮನೆ ಫೋನು ಎಂಗೇಜ್ ಇತ್ತು. ಅವರಿಗೆ ನಮ್ಮಿಂದ ಬೇಸರವಾಗಿದೆಯೇನಮ್ಮಿ? ಹಾಗಿದ್ದರೆ ಇನ್ನು ಅಲ್ಲಿಗೆ ಹೋಗಿ ತೊಂದರೆ ಕೊಡಬೇಡ."

ಆ ಸಾಲುಗಳನ್ನು ನಾನು ಓದಲಿಲ್ಲ. ಹಾರಿಸಿ, "ಎಲ್ಲರಿಗೂ ಸಲಾಂ ಹೇಳು" ಎಂಬಲ್ಲಿಗೆ ಬಂದುಬಿಟ್ಟೆ. ಖಾಲಾ ಕಾಗದವನ್ನು ಮಡಿಸಿ ಸೆರಗಿನಲ್ಲಿ ಕಟ್ಟಿಕೊಂಡು ಹೋದರು.

ಆ ವರ್ಷ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ಏನಾಯಿತೆಂಬುದು ಎಲ್ಲರಿಗೂ ಗೊತ್ತು. ಅಕ್ಟೋಬರಿನಲ್ಲಿ ಅಫ್ಘಾನಿಸ್ತಾನದ ಮೇಲೆ ಬಾಂಬು ಬೀಳತೊಡಗಿತು. ಖಾಲಾಗೆ ಅಫ್ಘಾನಿಸ್ತಾನವೆಲ್ಲಿ, ದಮ್ಮಾಮ್ ಎಲ್ಲಿ ಎಂಬುದು ತಿಳಿಯದು. ಯುದ್ಧ ಆ ಕಡೆ ಎಂದಷ್ಟೇ ಗೊತ್ತು. ದಿನಾ ಸಂಜೆ ಬಂದು ನಮ್ಮ ಟಿ.ವಿ.ಯ ಮುಂದೆ ಕೂತು, ವಾರ್ತೆ ಮುಗಿದ ಮೇಲೆ "ನಮ್ಮ ಹುಡುಗನ ಊರಿನ ಹೆಸರು ಹೇಳಿದರಾ?" ಎನ್ನುತ್ತಿದ್ದರು. ಹೊಸ ಜಾಗಕ್ಕೆ ಹೋಗುವ ಮುಂಚೆ ಮಗನ ದನಿಯನ್ನೊಮ್ಮೆ ಕೇಳಿಸಿಕೊಂಡಿದ್ದರೆ ಅವರ ಆ ದಿನಗಳು ಸ್ವಲ್ಪ ಹಗುರವಾಗುತ್ತಿದ್ದವು. ಆ ಮೂರು ನಿಮಿಷಗಳನ್ನು ತಪ್ಪಿಸಿದವನು ನಾನು.

ಒಂದು ದಿನ ಮಗ್ರಿಬ್ ನಮಾಜಿನಲ್ಲಿ ಇಮಾಮರು ಸೂರಃ ಮಾಊನ್ ಓದಿದರು. ನಮಾಜು ಮಾಡುತ್ತಲೇ ನಿತ್ಯಬಳಕೆಯ ಸಣ್ಣ ವಸ್ತುವನ್ನು ನೆರೆಯವರಿಗೆ ಕೊಡದೆ ಇರುವವರ ಬಗ್ಗೆ ಎಚ್ಚರಿಸುವ ಪುಟ್ಟ ಅಧ್ಯಾಯವದು. ಕೊಡಲಿ, ಪಾತ್ರೆ, ಬಿಂದಿಗೆ ಎಂದೆಲ್ಲ ವ್ಯಾಖ್ಯಾನಕಾರರು ಉದಾಹರಣೆ ಕೊಡುತ್ತಾರೆ. ಬಾಲ್ಯದಿಂದ ಕಂಠಪಾಠವಾಗಿದ್ದ ಆ ಸೂರಃ ಅವತ್ತು ಮೊದಲ ಸಲ ನನ್ನ ಹೆಸರು ಹಿಡಿದು ಕರೆದಂತಾಯಿತು. ಮನೆಗೆ ಬಂದು ಅಬ್ಬಾಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಖಾಲಾಗೆ ಹೇಳಿದೆಯಾ?" ಎಂದು ಮಾತ್ರ ಕೇಳಿದರು. ನಾನು ತಲೆ ತಗ್ಗಿಸಿದೆ. ಮಾರನೆಯ ದಿನದಿಂದ ಮೋಡೆಮ್ಮಿನ ಕೆಲಸ ರಾತ್ರಿ ಹತ್ತರ ಮೇಲೆ ಮಾತ್ರ. ಖಾಲಾಗೆ ಹೇಳುವುದನ್ನು ಮುಂದೂಡುತ್ತ ಹೋದೆ.

ಡಿಸೆಂಬರಿನಲ್ಲಿ ಈದುಲ್ ಫಿತ್ರ್ ದಿನ ಅವನ ಫೋನು ಬಂತು. ಖಾಲಾ "ಊಟ ಆಯ್ತಾ" ಎಂದು ಕೂಡ ಕೇಳಲಾರದೆ ಅತ್ತರು. ಮುಂದೆ 2006ರಲ್ಲಿ ಮಗ ಮೊಬೈಲ್ ಕೊಡಿಸುವವರೆಗೂ ಅವರು ಪ್ರತಿ ಶುಕ್ರವಾರ ಬಂದು ನಮ್ಮ ಚಾಪೆಯ ಮೇಲೆ ಕೂತರು. ಪ್ರತಿ ಈದಿಗೂ ನನಗೆಂದೇ ಒಂದು ಬಟ್ಟಲು ಶೀರ್ ಖುರ್ಮಾ ಬೇರೆಯಾಗಿ ತೆಗೆದಿಟ್ಟರು. 2012ರಲ್ಲಿ ತೀರಿಕೊಂಡರು. ನಾನು ಹೇಳಿರಲಿಲ್ಲ.

ಮಣ್ಣು ಮಾಡಿ ಬಂದ ರಾತ್ರಿ, ಊರಿಗೇ ಮರಳಿ ನೆಲೆಸಿದ್ದ ಅವರ ಮಗನ ಮುಂದೆ ಎಲ್ಲವನ್ನೂ ಹೇಳಿಕೊಂಡೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮಿಗೆ ಗೊತ್ತಿತ್ತು" ಎಂದ. "2003ರಲ್ಲಿ ರಜೆಗೆ ಬಂದಾಗ ಕಾಗದದಲ್ಲಿ ಹಾಗೆ ಬರೆದಿದ್ದೆನಲ್ಲ, ಮೇಷ್ಟ್ರು ಏನಾದರೂ ಅಂದರಾ ಎಂದು ನಾನೇ ಕೇಳಿದೆ. ಅಂಥದ್ದೇನೂ ಕಾಗದದಲ್ಲಿ ಇರಲಿಲ್ಲವಲ್ಲ ಅಂದಳು. ಆಮೇಲೆ ತಾನೇ ಯೋಚನೆ ಮಾಡಿ, ಹುಡುಗ ಓದಿಕೊಳ್ಳುತ್ತಿದ್ದ, ಬಿಡು ಅಂದಳು."

2003ರಿಂದ 2006ರವರೆಗೆ ಮೂರು ವರ್ಷ. ಅಷ್ಟೂ ಶುಕ್ರವಾರ ಖಾಲಾ ಚಾಪೆಯ ಮೇಲೆ ಕೂರುವ ಮುಂಚೆ ನನ್ನ ಕೋಣೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತು, "ಫೋನು ಸರಿ ಇದೆಯಲ್ಲ ಬೇಟಾ?" ಎಂದು ಕೇಳುತ್ತಿದ್ದರು. ನಾನದನ್ನು ವಯಸ್ಸಾದವರ ಅಭ್ಯಾಸದ ಮಾತು ಎಂದುಕೊಂಡಿದ್ದೆ.