ಚೆಂಡಾಟದ ರಾಜಧಾನಿ

ಊರುಗಳಿಗೂ ಮನುಷ್ಯರಂತೆಯೇ ಒಂದೊಂದು ಜಂಭವಿರುತ್ತದೆ. ಮೈಸೂರಿನವರಿಗೆ ದಸರೆ, ಧಾರವಾಡದವರಿಗೆ ಸಂಗೀತ, ಅದರ ಜೊತೆಗೆ ಪೇಢೆ, ಮಂಗಳೂರಿನವರಿಗೆ ಕಡಲು. ಬೆಂಗಳೂರಿನವರು ಬಹುಕಾಲ ತಮ್ಮ ಹವೆಯನ್ನೇ ಹೊಗಳಿಕೊಂಡು ಬಂದರು. ಈಗ ಆ ಮಾತನ್ನು ಸ್ವಲ್ಪ ತಗ್ಗಿದ ದನಿಯಲ್ಲಿ ಆಡುತ್ತಾರೆ. ಕಲ್ಕತ್ತೆಯವರ ಜಂಭದ ಪಟ್ಟಿಯಾದರೋ ಬಲು ದೊಡ್ಡದು. ಕವಿಗಳು, ವಿಜ್ಞಾನಿಗಳು, ಚಲನಚಿತ್ರ ನಿರ್ದೇಶಕರು, ರಸಗುಲ್ಲ—ಇವೆಲ್ಲವೂ ಮುಗಿದ ಮೇಲೆ ಕೊನೆಗೆ ಒಂದು ಮಾತು ಬರುತ್ತದೆ: “ಭಾರತದ ಫುಟ್‌ಬಾಲಿಗೆ ರಾಜಧಾನಿ ನಮ್ಮ ಊರು.” ಕೊನೆಗೆ ಬಂದರೂ ಅತ್ಯಂತ ಗಟ್ಟಿಯಾಗಿ ಬರುವ ಮಾತು ಅದೇ. ಈ ಪಟ್ಟಕ್ಕೆ ಹೈದರಾಬಾದಿನವರು ಒಂದು ಕಾಲಕ್ಕೆ ತಕರಾರು ತೆಗೆದರು. ಗೋವೆಯವರೂ ಕೇರಳದವರೂ ತೆಗೆದರು. ಬೆಂಗಳೂರು ಸಹ ಆ ತಕರಾರುದಾರರಲ್ಲಿ ಒಂದೆಂದರೆ ಅದನ್ನು ಮೊದಲು ನಂಬದವರು ಬೆಂಗಳೂರಿನವರೇ!

ಕಲ್ಕತ್ತೆಯ ಹಕ್ಕು ಸುಳ್ಳಲ್ಲ. 1911ನೆಯ ಇಸವಿ ಜುಲೈ 29ರಂದು ಮೋಹನ್ ಬಾಗಾನ್ ತಂಡವು ಈಸ್ಟ್ ಯಾರ್ಕ್‌ಷೈರ್ ದಳದ ಬಿಳಿಯ ಸಿಪಾಯಿಗಳನ್ನು 2-1 ಗೋಲುಗಳಿಂದ ಸೋಲಿಸಿ ಐ. ಎಫ್. ಎ. ಷೀಲ್ಡನ್ನು ಗೆದ್ದುಕೊಂಡಿತು. ಹನ್ನೊಂದು ಜನರಲ್ಲಿ ಒಬ್ಬರ ಹೊರತು ಉಳಿದ ಹತ್ತು ಮಂದಿಯೂ ಬರಿಗಾಲಿನಲ್ಲಿ ಆಡಿದವರು. ಬೂಟಿನ ಕಾಲಿಗೆ ಬರಿಗಾಲು ಮಣಿಯಲಿಲ್ಲವೆಂಬ ಸುದ್ದಿಯು ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಹಬ್ಬಿತು. ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿಯ ದರ್ಬಾರು ನಡೆದು, ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ಸಾಗಿಸುವುದಾಗಿ ಚಕ್ರವರ್ತಿಯೇ ಸಾರಿದನು. ಆರು ತಿಂಗಳೊಳಗೆ ಒಂದು ರಾಜಧಾನಿ ಕೈತಪ್ಪಿತು, ಇನ್ನೊಂದು ಕೈಗೆ ಬಂದಿತು! ಕಳೆದುಹೋದದ್ದು ವೈಸರಾಯರದು; ಬಂದದ್ದು ಜನರದು. ಅಂದಿನಿಂದ ಕಲ್ಕತ್ತೆಯವರು ಈ ಎರಡನೆಯದನ್ನು ಎದೆಗವಚಿಕೊಂಡೇ ಕುಳಿತಿದ್ದಾರೆ. ಮೋಹನ್ ಬಾಗಾನ್ ಗೆದ್ದ ದಿನ ಸಿಗಡಿ, ಈಸ್ಟ್ ಬೆಂಗಾಲ್ ಗೆದ್ದ ದಿನ ಹಿಲ್ಸಾ ಮೀನು ಎಂಬ ಲೆಕ್ಕದಲ್ಲಿ ಅಲ್ಲಿನ ಅಡಿಗೆಮನೆಗಳೂ ಪಕ್ಷ ಹಿಡಿಯುತ್ತವೆ. ಗಂಡನೊಂದು ಪಕ್ಷ, ಹೆಂಡತಿಯೊಂದು ಪಕ್ಷವಾದ ಮನೆಯಲ್ಲಿ ಆ ಸಂಜೆ ಒಲೆಯ ಮೇಲೆ ಏನು ಬೇಯುವುದೋ ಆ ಭಗವಂತನೇ ಬಲ್ಲ.

ಬೆಂಗಳೂರಿನಲ್ಲಿ ಇಂಥ ಮೀನಿನ ರಾಜಕೀಯ ಬೆಳೆಯಲಿಲ್ಲ. ಅದಕ್ಕೆ ಕಾರಣವುಂಟು. ಅಲ್ಲಿ ಇದ್ದದ್ದು ಒಂದು ಊರಲ್ಲ, ಎರಡು. ಪಶ್ಚಿಮಕ್ಕೆ ಕೆಂಪೇಗೌಡನ ಪೇಟೆ. ಪೂರ್ವಕ್ಕೆ ಸಿಪಾಯಿಗಳ ದಂಡು. ಪೇಟೆಯ ಆಡಳಿತ ಮೈಸೂರು ಮಹಾರಾಜರದು, ದಂಡಿನ ಆಡಳಿತ ಬ್ರಿಟಿಷ್ ರೆಸಿಡೆಂಟರದು. ಎರಡಕ್ಕೂ ಪ್ರತ್ಯೇಕ ಪುರಸಭೆ. ಇವೆರಡೂ ಒಂದೇ ಕಾರ್ಪೊರೇಷನ್ನಾದದ್ದು 1949ರಲ್ಲಿ. ಚೆಂಡಾಟ ಹುಟ್ಟಿ ಬೆಳೆದದ್ದು ದಂಡಿನ ಕಡೆ. ಪೆರೇಡು ಮುಗಿಸಿದ ಗೋರಾ ಸಿಪಾಯಿಗಳು ಆಡುತ್ತಿದ್ದ ಆಟವನ್ನು ಬೇಲಿಯಾಚೆ ನಿಂತು ನೋಡಿದ ಹುಡುಗರು ಕಲಿತರು: ಬಟ್ಲರರ ಮಕ್ಕಳು, ಗಾರೆ ಕೆಲಸದವರ ಮಕ್ಕಳು, ಜಟಕಾ ಹೊಡೆಯುವವರ ಮಕ್ಕಳು. ಅವರ ಮನೆಮಾತು ತಮಿಳು, ಉರ್ದು, ತೆಲುಗು. ಬಸವನಗುಡಿ, ಮಲ್ಲೇಶ್ವರಗಳ ಮನೆಗಳಲ್ಲಿ ಆಗ ಕ್ರಿಕೆಟ್ಟಿನ ಮಾತು ನಡೆಯುತ್ತಿದ್ದಿತೇ ಹೊರತು, ಈ ಹುಡುಗರ ಹೆಸರುಗಳು ಅಷ್ಟಾಗಿ ಕೇಳಿಬರುತ್ತಿರಲಿಲ್ಲ.

ಆದರೂ ಊರಿನ ಹೆಸರನ್ನು ಹೊರಗೆ ಹೊತ್ತು ನಡೆದವರು ಅವರೇ. ಮುಂಬಯಿಯ ರೋವರ್ಸ್ ಕಪ್ ಪಂದ್ಯಾಟ 1891ರಷ್ಟು ಹಳೆಯದು. ಅದು ಸಿಪಾಯಿಗಳ ಸೊತ್ತೆಂದೇ ಜನ ಬಗೆದಿದ್ದರು. 1937ರಲ್ಲಿ ‘ಬೆಂಗಳೂರು ಮುಸ್ಲಿಮ್ಸ್’ ಎಂಬ ತಂಡವು ಅಲ್ಲಿಗೆ ಹೋಗಿ, ಸೈನ್ಯಕ್ಕೆ ಸೇರದ ತಂಡವೊಂದು ಮೊದಲ ಬಾರಿಗೆ ಆ ಬಟ್ಟಲನ್ನು ಎತ್ತುವಂತೆ ಮಾಡಿತು. ಅಂತಿಮ ಪಂದ್ಯದಲ್ಲಿ ಎದುರಾದವರು ಯಾರು? ಕಲ್ಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗ್! 1934ರಿಂದ 1938ರವರೆಗೆ ಸತತವಾಗಿ ಐದು ಬಾರಿ ಕಲ್ಕತ್ತೆ ಲೀಗನ್ನು ಗೆದ್ದ ದೈತ್ಯ ತಂಡವದು. ಬೆಂಗಳೂರಿನವರು ಹೊಡೆದದ್ದು ಒಂದೇ ಗೋಲು, ಸಾಕಾಯಿತು. ಮರುವರ್ಷವೂ ಬಟ್ಟಲು ಬೆಂಗಳೂರಿಗೇ ಬಂದಿತು. 1940ರಲ್ಲಿ ಮಹಮ್ಮಡನ್ನರು ಅದೇ ಒಂದು ಗೋಲಿನ ಅಂತರದಿಂದ ಸೇಡು ತೀರಿಸಿಕೊಂಡರು. 1948ರಲ್ಲಿ ಬೆಂಗಳೂರು ಮತ್ತೆ ಗೆದ್ದಿತು. ಆ ಸಲ ಸೋತುಹೋದದ್ದು ಮೋಹನ್ ಬಾಗಾನ್.

ಸಂತೋಷ್ ಟ್ರೋಫಿಯ ಕಥೆ ಇದಕ್ಕಿಂತಲೂ ಸ್ವಾರಸ್ಯವಾದದ್ದು. ಪ್ರಾಂತ ಪ್ರಾಂತಗಳ ನಡುವಣ ಈ ಪಂದ್ಯಾಟವನ್ನು 1941ರಲ್ಲಿ ಆರಂಭಿಸಿದವರು ಬಂಗಾಳದವರು. ಅದಕ್ಕೆ ಹೆಸರು ಬಂದದ್ದು ಬಂಗಾಳದ ಸಂತೋಷ್ ಎಂಬ ಸಂಸ್ಥಾನದ ಮಹಾರಾಜನಿಂದ. ಮೊದಲು ಗೆದ್ದವರೂ ಅವರೇ. 2024ರ ಡಿಸೆಂಬರಿನ ವೇಳೆಗೆ ಅವರ ಗೆಲುವುಗಳ ಸಂಖ್ಯೆ 33 ಮುಟ್ಟಿದೆ. ಬಟ್ಟಲೂ ಅವರದೇ, ಪಾಯಸವೂ ಅವರದೇ ಎನ್ನಬಹುದು. ಇಂಥವರ ಎಲೆಗೆ ಕೈಹಾಕಿದವರು ಮೈಸೂರಿನವರು. 1946ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಮೈಸೂರು 2, ಬಂಗಾಳ 1. 1952ರಲ್ಲಿ, ಮತ್ತೆ ಬೆಂಗಳೂರಿನಲ್ಲಿಯೇ, ಮೈಸೂರು 1, ಬಂಗಾಳ 0. 1967-68ರಲ್ಲಿ ಕಟಕ್ ನಗರದಲ್ಲಿ ಮೈಸೂರು 1, ಬಂಗಾಳ 0. ಅದರ ಮರುವರ್ಷವೂ ಗೆಲುವು ಮೈಸೂರಿನದೇ, ಸೋಲು ಬಂಗಾಳದ್ದೇ. ‘ಮೈಸೂರು’ ಎಂಬ ಹೆಸರಿನಲ್ಲಿ ರಾಜ್ಯವು ಗೆದ್ದ ನಾಲ್ಕು ಟ್ರೋಫಿಗಳನ್ನೂ ಬಂಗಾಳದ ಕೈಯಿಂದಲೇ ಕಸಿದುಕೊಂಡಿತೆಂಬುದು ಎಷ್ಟು ಜನ ಕನ್ನಡಿಗರಿಗೆ ಗೊತ್ತು? ಅಂತಿಮ ಪಂದ್ಯಗಳಲ್ಲಿ ಬಂಗಾಳಕ್ಕೆ ಸೋತದ್ದೂ ಉಂಟು; ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಆದರೆ ಸಮಾನರಲ್ಲದವರ ನಡುವೆ ಇಂಥ ಕೊಡು-ಕೊಳ್ಳು ನಡೆಯುವುದಿಲ್ಲವಷ್ಟೆ.

1946ರ ಗೆಲುವಿನಲ್ಲಿ ಇನ್ನೊಂದು ವಿಚಿತ್ರವೂ ಅಡಗಿದೆ. ಆ ವರ್ಷ ದಂಡು ಪ್ರದೇಶವು ಇನ್ನೂ ಮಹಾರಾಜರ ಆಡಳಿತಕ್ಕೆ ಮರಳಿರಲಿಲ್ಲ. ಅದು ಮರಳಿದ್ದು 1947ರಲ್ಲಿ. ಎಂದರೆ, ಚೆಂಡಾಟದ ತವರಾದ ದಂಡು ಕಾಗದದ ಮೇಲೆ ಮೈಸೂರಿಗೆ ಸೇರುವ ಮೊದಲೇ ಮೈದಾನದ ಮೇಲೆ ಸೇರಿಹೋಗಿದ್ದಿತು.

ಇನ್ನು ಆಟಗಾರರ ವಿಷಯ. “ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ” ಎಂಬ ಗಾದೆಯು ಈ ಪ್ರಸಂಗಕ್ಕಾಗಿಯೇ ಹುಟ್ಟಿತೋ ಎನ್ನುವಂತಿದೆ. 1949ರಿಂದ ಮೂರು ವರ್ಷ ಸತತವಾಗಿ ಐ. ಎಫ್. ಎ. ಷೀಲ್ಡನ್ನು ಗೆದ್ದ ಈಸ್ಟ್ ಬೆಂಗಾಲ್ ತಂಡದಲ್ಲಿ ಐವರು ಮುನ್ನಡೆ ಆಟಗಾರರಿದ್ದರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ. ಕಲ್ಕತ್ತೆಯ ಜನ ಅವರನ್ನು ‘ಪಂಚಪಾಂಡವರು’ ಎಂದು ಕರೆದು ತಲೆಯ ಮೇಲೆ ಹೊತ್ತು ಮೆರೆಸಿದರು. ಐವರಲ್ಲಿ ಬಂಗಾಳಿ ಒಬ್ಬನೂ ಇಲ್ಲ! ಎಲ್ಲರೂ ದಕ್ಷಿಣ ದೇಶದವರು. ದೇಶ ವಿಭಜನೆಯಿಂದ ಮನೆಮಾರು ಕಳೆದುಕೊಂಡು ಬಂದ ಪೂರ್ವ ಬಂಗಾಳದ ನಿರಾಶ್ರಿತರು ತಮ್ಮ ಅಭಿಮಾನವನ್ನೆಲ್ಲ ಇಟ್ಟದ್ದು, ತಮ್ಮ ಮಾತನ್ನೇ ಅರಿಯದ ಊರುಗಳಿಂದ ಬಂದ ಈ ಐದು ಜನರ ಕಾಲುಗಳ ಮೇಲೆ.

ಅವರಲ್ಲಿ ಅಹಮದ್ ಖಾನ್ ಬೆಂಗಳೂರಿನವರು. 1948ರಲ್ಲಿ ಲಂಡನ್ನಿನ ಒಲಿಂಪಿಕ್ಸ್‌ನಲ್ಲಿ ಬರಿಗಾಲಿನಲ್ಲಿ ಆಡಿ ಬಂದವರು. 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡದವರು. ಚೆಂಡು ಅವರ ಕಾಲಿನಲ್ಲಿ ಹಾವಾಡಿಗನ ಮುಂದಿನ ಹಾವಿನಂತೆ ತಲೆಯಾಡಿಸುತ್ತಿದ್ದಿತಂತೆ. ಆದುದರಿಂದ ಅವರಿಗೆ ‘ಹಾವಾಡಿಗ’ ಎಂಬ ಬಿರುದೂ ಬಂದಿತ್ತು. ಸುಮಾರು ಹತ್ತು ವರ್ಷ ಕಲ್ಕತ್ತೆಯಲ್ಲಿ ಆಡಿದರು. 2017ರ ಆಗಸ್ಟಿನಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿಯೇ ಕಣ್ಣುಮುಚ್ಚಿದರು. ಕಲ್ಕತ್ತೆಯ ವೃದ್ಧರು ಆ ಹೆಸರನ್ನು ಕೇಳಿದರೆ ಈಗಲೂ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಬೆಂಗಳೂರಿನಲ್ಲಿ ಹತ್ತು ಜನರನ್ನು ನಿಲ್ಲಿಸಿ ಕೇಳಿದರೆ ಒಂಬತ್ತು ಜನ “ಯಾರು?” ಎಂದಾರು. ಹಿತ್ತಲ ಗಿಡ ಮದ್ದಲ್ಲ. ಅದೇ ಲಂಡನ್ನಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ರಾಮನ್ ಅವರೂ ಬೆಂಗಳೂರಿನವರೇ; ಮುಂದೆ ಮೋಹನ್ ಬಾಗಾನಿನಲ್ಲಿ ಮಿಂಚಿದ ಅರುಮೈನಾಯಗಂ ಅವರೂ ಬೆಂಗಳೂರಿನವರೇ.

ಇವರೆಲ್ಲ ಊರು ಬಿಟ್ಟು ಹೋದರೆಂದು ದೂರುವುದು ಸುಲಭ. ಆದರೆ ಹೋಗದೆ ಏನು ಮಾಡಬೇಕಿತ್ತು? ಕಲ್ಕತ್ತೆಯಲ್ಲಿ ಲೀಗ್ ಎಂಬುದು ವರ್ಷ ತಪ್ಪದ ಜಾತ್ರೆ, ಮಳೆಯಲ್ಲಿಯೂ ಕಿಕ್ಕಿರಿಯುವ ಜನ, ಮರುದಿನದ ಪತ್ರಿಕೆಯಲ್ಲಿ ಭಾವಚಿತ್ರ, ಕ್ಲಬ್ಬಿನಿಂದ ಹಣ. ಬೆಂಗಳೂರು ಕೊಡಬಲ್ಲುದಾಗಿದ್ದದ್ದು ನೌಕರಿ. ಹಿಂದೂಸ್ತಾನ್ ಏರ್‌ಕ್ರಾಫ್ಟ್, ಟೆಲಿಫೋನ್ ಕಾರ್ಖಾನೆ ಮೊದಲಾದುವು ಆಟಗಾರರನ್ನು ಸೇರಿಸಿಕೊಂಡು ತಂಡ ಕಟ್ಟಿದುವು. ಬೆಳಿಗ್ಗೆ ಕಾರ್ಖಾನೆ, ಸಂಜೆ ಮೈದಾನ, ವಯಸ್ಸಾದ ಮೇಲೆ ಪಿಂಚಣಿ. ಹೆಂಡತಿ ಮಕ್ಕಳಿರುವವನಿಗೆ ಅದು ಸಣ್ಣ ಮಾತಲ್ಲ. ಆದರೆ ಕಾರ್ಖಾನೆಯ ತಂಡಕ್ಕಾಗಿ ಯಾವ ಊರೂ ಎದೆ ಬಡಿದುಕೊಂಡು ಕೂಗುವುದಿಲ್ಲ. ಹೊಟ್ಟೆ ತುಂಬಿತು, ಅಭಿಮಾನ ತುಂಬಲಿಲ್ಲ.

ಅಷ್ಟರಲ್ಲಿ ಬೆಂಗಳೂರಿನ ಅಭಿಮಾನಕ್ಕೆ ಬೇರೊಂದು ದಾರಿ ತೆರೆಯಿತು. 1974ರಲ್ಲಿ ಕರ್ನಾಟಕವು ಸತತ ಹದಿನೈದು ವರ್ಷ ರಣಜಿ ಟ್ರೋಫಿ ಗೆದ್ದಿದ್ದ ಮುಂಬಯಿಯನ್ನು ಬೆಂಗಳೂರಿನ ಸೆಮಿಫೈನಲ್‌ನಲ್ಲಿ ತಡೆದು, ಮುಂದೆ ಟ್ರೋಫಿಯನ್ನೂ ಗೆದ್ದಿತು. ಅಂದಿನಿಂದ ಎದುರಾಳಿ ಎಂದರೆ ಮುಂಬಯಿ, ಆಟವೆಂದರೆ ಕ್ರಿಕೆಟ್. ಕಲ್ಕತ್ತೆಯೊಡನೆ ನಡೆದಿದ್ದ ಹಳೆಯ ಜಗಳ ದಂಡಿನ ಚಹದಂಗಡಿಗಳಲ್ಲಿ ಮಾತ್ರ ಉಳಿಯಿತು. ಸಂತೋಷ್ ಟ್ರೋಫಿ ಮತ್ತೆ ಮನೆಗೆ ಬರುವುದಕ್ಕೆ ಐವತ್ತನಾಲ್ಕು ವರ್ಷ ಬೇಕಾಯಿತು. 2023ರ ಮಾರ್ಚಿಯಲ್ಲಿ, ಅದೂ ಸೌದಿ ಅರೇಬಿಯದ ರಿಯಾದ್ ನಗರದಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ!

ಆ ನಡುಗಾಲದಲ್ಲಿ ದಂಡಿನ ಹುಡುಗರು ಆಟವನ್ನು ಬಿಟ್ಟರೆಂದಲ್ಲ. 1977ರಲ್ಲಿ ಪೆಲೆ ತನ್ನ ಕಾಸ್ಮಾಸ್ ತಂಡದೊಡನೆ ಕಲ್ಕತ್ತೆಗೆ ಬಂದು ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನಿನ ವಿರುದ್ಧ 2-2ರ ಸಮಪಂದ್ಯ ಆಡಿದನು. ಊರಿಗೆ ಊರೇ ಅಂದು ಹುಚ್ಚೆದ್ದಿತು. ಬೆಂಗಳೂರಿನಲ್ಲಿ ಹಲಸೂರಿನ ಸಮೀಪದ ಗೌತಮಪುರದ ಪುಟ್ಟ ಗಲ್ಲಿಗಳ ನಡುವೆ ಪೆಲೆಯ ಪ್ರತಿಮೆಯೊಂದುಂಟು. ಕಲ್ಕತ್ತೆಗೆ ಮೂರ್ತಿಮಂತನಾಗಿ ಬಂದವನು ಬೆಂಗಳೂರಿಗೆ ಮೂರ್ತಿಯಾಗಿ ಬಂದನು.

2013ರಲ್ಲಿ ಬೆಂಗಳೂರು ಎಫ್. ಸಿ. ಎಂಬ ಹೊಸ ಕ್ಲಬ್ಬು ಹುಟ್ಟಿತು. ಒಡೆಯರು ಮುಂಬಯಿಯ ಉಕ್ಕಿನ ಕಂಪೆನಿಯವರು, ತರಬೇತುದಾರ ಇಂಗ್ಲಿಷಿನವನು, ನಾಯಕ ಸಿಕಂದರಾಬಾದಿನಲ್ಲಿ ಹುಟ್ಟಿದ ಸುನಿಲ್ ಛೆತ್ರಿ. ಇದರಲ್ಲಿ ಬೆಂಗಳೂರಿನದು ಏನೆಂದು ಕೇಳಿದವರುಂಟು. ಪಂಚಪಾಂಡವರಲ್ಲಿ ಬಂಗಾಳದ್ದು ಏನಿದ್ದಿತೋ ಅದೇ ಇಲ್ಲಿಯೂ ಇದೆ ಎಂದರೆ ಉತ್ತರವಾದೀತು. ಮೊದಲ ಲೀಗ್ ಪಂದ್ಯದಲ್ಲಿಯೇ ಎದುರಿಗೆ ಬಂದದ್ದು ಮೋಹನ್ ಬಾಗಾನ್, ಫಲ 1-1. ಮೊದಲ ವರ್ಷವೇ ಐ-ಲೀಗ್ ಬೆಂಗಳೂರಿನ ಪಾಲಾಯಿತು. ಪೇಟೆಯ ಕಡೆಯ ಜನ, ಜಯನಗರದ ಹುಡುಗಿಯರು, ಕಂಪ್ಯೂಟರ್ ಕಚೇರಿಗಳ ತರುಣರು ನೀಲಿ ಅಂಗಿ ತೊಟ್ಟು ಕಂಠೀರವ ಕ್ರೀಡಾಂಗಣದ ಪಶ್ಚಿಮ ಭಾಗವನ್ನು ತುಂಬಿದರು. ಎರಡು ಊರು ಕೊನೆಗೂ ಒಂದೇ ದನಿಯಲ್ಲಿ ಕೂಗಿತು.

2015ರ ಮೇ 31ರ ಸಂಜೆ ಆ ದನಿಗೆ ಪರೀಕ್ಷೆ ಬಂದಿತು. ಲೀಗಿನ ಕೊನೆಯ ಪಂದ್ಯ. ಗೆದ್ದರೆ ಪ್ರಶಸ್ತಿ ಬೆಂಗಳೂರಿಗೆ, ಸಮವಾದರೂ ಸಾಕು, ಮೋಹನ್ ಬಾಗಾನಿಗೆ. ಧಾರಾಕಾರ ಮಳೆ. ವಿರಾಮಕ್ಕೆ ಮೊದಲೇ ಜಾನ್ ಜಾನ್ಸನ್ ಬೆಂಗಳೂರಿನ ಪರವಾಗಿ ಗೋಲು ಹೊಡೆದನು. ಎಂಬತ್ತಾರು ನಿಮಿಷಗಳು ಕಳೆದುವು. ಬಟ್ಟಲಿಗೆ ನೀಲಿ ಪಟ್ಟಿ ಕಟ್ಟುವುದೊಂದು ಬಾಕಿ. ಎಂಬತ್ತೇಳನೆಯ ನಿಮಿಷದಲ್ಲಿ ನೈಜೀರಿಯದ ಬೆಲ್ಲೊ ರಜಾಕ್ ತಲೆಯಿಂದ ಚೆಂಡನ್ನು ಗೋಲಿಗೆ ತಳ್ಳಿದನು. 1-1. ಹದಿಮೂರು ವರ್ಷಗಳ ಬಳಿಕ ಪ್ರಶಸ್ತಿ ಕಲ್ಕತ್ತೆಗೆ ಹೋಯಿತು. ಮಳೆಯಲ್ಲಿ ತೊಯ್ದು ನಿಂತಿದ್ದ ಬೆಂಗಳೂರಿನ ಜನಕ್ಕೆ ಆ ರಾತ್ರಿ, ಕಲ್ಕತ್ತೆಯವರು ನೂರು ವರ್ಷಗಳಿಂದ ಅನುಭವಿಸುತ್ತಿದ್ದ ನೋವು ಯಾವ ಬಗೆಯದೆಂದು ತಿಳಿದಿರಬೇಕು.

ಅಲ್ಲಿಂದೀಚೆಗೆ ಲೆಕ್ಕ ನಡೆಯುತ್ತಲೇ ಇದೆ. 2017ರಲ್ಲಿ ಅದೇ ಕಟಕ್ ನಗರದಲ್ಲಿ ಬೆಂಗಳೂರು ಮೋಹನ್ ಬಾಗಾನನ್ನು 2-0ರಿಂದ ಮಣಿಸಿ ಫೆಡರೇಷನ್ ಕಪ್ಪನ್ನು ತಂದಿತು; 2023ರಲ್ಲಿ ಗೋವೆಯ ಅಂತಿಮ ಪಂದ್ಯದಲ್ಲಿ ಪೆನಾಲ್ಟಿಗಳಲ್ಲಿ ಸೋತಿತು. ಈ ಮಧ್ಯೆ ಛೆತ್ರಿಯವರು ಮೋಹನ್ ಬಾಗಾನಿನ ಹಳೆಯ ಹುಲಿ ಸುಬ್ರತ ಭಟ್ಟಾಚಾರ್ಯರ ಮಗಳ ಕೈಹಿಡಿದು ಕಲ್ಕತ್ತೆಯ ಅಳಿಯಂದಿರಾದರು. ಅಷ್ಟು ಆಟಗಾರರನ್ನು ಪಡೆದುಕೊಂಡ ಊರು ಮಗಳನ್ನು ಕೊಟ್ಟು ಋಣ ತೀರಿಸಿತೆನ್ನೋಣ. 2024ರ ಜೂನ್ 6ರಂದು ಅವರು ಭಾರತ ತಂಡದಿಂದ ಬೀಳ್ಕೊಂಡದ್ದು ಕಲ್ಕತ್ತೆಯ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿಯೇ. ಮರುವರ್ಷ ಮನಸ್ಸು ಬದಲಿಸಿ ಮರಳಿದ್ದು ಬೇರೆಯ ಮಾತು. 2025ರ ಏಪ್ರಿಲ್ 12ರಂದು ಅದೇ ಅಂಗಳದಲ್ಲಿ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯ ನಡೆಯಿತು. ಬೆಂಗಳೂರು ಮೊದಲು ಮುಂದಾಯಿತು. ಹೆಚ್ಚುವರಿ ಸಮಯದಲ್ಲಿ 2-1ರಿಂದ ಮೋಹನ್ ಬಾಗಾನ್ ಗೆದ್ದಿತು. ನಲವತ್ತು ತುಂಬಿದ ಅಳಿಯನೂ ಆ ಪಂದ್ಯದಲ್ಲಿ ನೀಲಿ ಅಂಗಿ ತೊಟ್ಟು ಮಾವನ ಕ್ಲಬ್ಬಿನ ವಿರುದ್ಧ ಓಡಿದರು. ಆ ರಾತ್ರಿ ಮಾವನ ಮನೆಯಲ್ಲಿ ಸಿಗಡಿ ಬೆಂದಿತೋ ಇಲ್ಲವೋ, ಪತ್ರಿಕೆಗಳು ಬರೆಯಲಿಲ್ಲ.